ಲಾಂದ್ರದ ಹಾಡಿನ ಎರಡನೇ ದನಿ

ಜಮೀಲುನ್ನೀಸಾ ತನ್ನ ಜೀವಮಾನದಲ್ಲಿ ನೋಡಿದ ಸಿನಿಮಾ ನಾಲ್ಕೋ ಐದೋ ಇರಬೇಕು. ಕೇಳಿದ್ದು ಮಾತ್ರ ನೂರಾರು. ಮೂಡಿಗೆರೆಯಲ್ಲಿ ಅವಳು ಹುಟ್ಟಿ ಬೆಳೆದ ಮನೆಯ ಹಿತ್ತಲಿಗೆ ಅಂಟಿಕೊಂಡೇ ಟೂರಿಂಗ್ ಟಾಕೀಸಿನ ಟೆಂಟು ಇತ್ತು. ಅಪ್ಪ ಹೆಣ್ಣುಮಕ್ಕಳನ್ನು ಟೆಂಟಿಗೆ ಕಳಿಸುತ್ತಿರಲಿಲ್ಲ. ಆದರೆ ಟೆಂಟಿನ ಸದ್ದು ಹಿತ್ತಲಿಗೆ ಬರುವುದನ್ನು ತಡೆಯಲು ಅವನಿಂದಲೂ ಆಗುತ್ತಿರಲಿಲ್ಲ. ಒಂದು ಚಿತ್ರ ಬಂತೆಂದರೆ ಹದಿನೈದು ದಿನ ಇರುತ್ತಿತ್ತು. ಅಷ್ಟು ದಿನವೂ ಸಂಜೆ ಪಾತ್ರೆ ತಿಕ್ಕುತ್ತಾ ಅದೇ ಹಾಡು, ಅದೇ ಅಳು, ಅದೇ ಹೊಡೆದಾಟ. ಮಳೆಗಾಲ ಹಿಡಿದು ಟೆಂಟು ಬಿಚ್ಚಿಕೊಂಡು ಹೋದ ಮೇಲೂ ಹಾಡುಗಳು ಅವಳ ಕಿವಿಯಲ್ಲೇ ಉಳಿದುಕೊಳ್ಳುತ್ತಿದ್ದವು. ಹಾಡಿದವರ ಹೆಸರುಗಳನ್ನು ಆಮೇಲೆ ರೇಡಿಯೋ ಹೇಳಿಕೊಟ್ಟಿತು. ಹೀಗಾಗಿ ಪಲ್ಲವಿಗೆ ಮೊದಲು ಕೊಳಲು ಎಷ್ಟು ಸಲ ಬರುತ್ತದೆ, ತಬಲಾ ಎಲ್ಲಿ ನಿಲ್ಲುತ್ತದೆ ಎನ್ನುವುದೆಲ್ಲ ಅವಳಿಗೆ ಗೊತ್ತು. ಆ ಹಾಡಿಗೆ ಬಾಯಾಡಿಸಿದ ನಟಿ ಕಪ್ಪೋ ಬಿಳುಪೋ ಗೊತ್ತಿಲ್ಲ.

ಮದುವೆಯಾಗಿ ಚಿಕ್ಕಮಗಳೂರಿಗೆ ಬಂದಳು. ಗಂಡ ಇನಾಯತುಲ್ಲಾ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡರ್. ಮಗಳು ಫರ್ಹತ್ ಶಾಲೆಗೆ ಹೋಗಲು ಶುರು ಮಾಡಿದ ವರ್ಷ ಜಮೀಲುನ್ನೀಸಾ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವ ಕೆಲಸಕ್ಕೆ ಸೇರಿದಳು. ಪಾರ್ಚ್‌ಮೆಂಟ್ ಎನ್ನುವ ಒಳಸಿಪ್ಪೆ ಬಿಡಿಸಿದ ಬೀಜ ಮುಂದೆ ಬಂದು ಬೀಳುತ್ತದೆ. ಕಪ್ಪು ಬೀಜ, ಒಡಕು, ಹುಳ ಹಿಡಿದದ್ದನ್ನು ಬೆರಳಿನಿಂದ ಬೇರೆ ಮಾಡಬೇಕು. ಸಾಲಾಗಿ ಐವತ್ತು ಹೆಂಗಸರು. ಕಣ್ಣಿಗೂ ಬೆರಳಿಗೂ ಪುರುಸೊತ್ತಿಲ್ಲ, ಬಾಯಿ ಕಿವಿ ಮಾತ್ರ ಖಾಲಿ. ಹಾಡಿದರೆ ಸೂಪರ್‌ವೈಸರ್ ಬಯ್ಯುತ್ತಿದ್ದರು. ಪ್ರಶ್ನೆ ಕೇಳಿದರೆ ಯಾರೂ ಬಯ್ಯುತ್ತಿರಲಿಲ್ಲ.

ಪ್ರಶ್ನೆ ಕೇಳುವ ಆಟ ಶುರು ಮಾಡಿದವಳು ಪಕ್ಕದಲ್ಲಿ ಕೂರುತ್ತಿದ್ದ ರುದ್ರಾಣಿ. ವಸ್ತಾರೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಅವಳಿಗೆ ಸಿನಿಮಾ ಹುಚ್ಚು. ಯಾವ ಚಿತ್ರ, ಯಾರ ಆಕ್ಟಿಂಗ್, ಯಾವ ವರ್ಷ ಎಲ್ಲ ನಾಲಿಗೆ ತುದಿಯಲ್ಲಿ. ಮುಂದಿದ್ದ ಮೊರ ಮುಗಿಯುವುದರೊಳಗೆ ಉತ್ತರ ಹೇಳಬೇಕು. ಸೋತವರು ಊಟದ ಹೊತ್ತಿಗೆ ಎಲ್ಲರಿಗೂ ನೀರು ತರಬೇಕು. ನಟನಟಿಯರ ಪ್ರಶ್ನೆ ಬಂದರೆ ಜಮೀಲುನ್ನೀಸಾ ನೀರು ತರುತ್ತಿದ್ದಳು. ದನಿಯ ಪ್ರಶ್ನೆ ಬಂದರೆ ಉಳಿದ ನಲವತ್ತೊಂಬತ್ತು ಜನ ತರಬೇಕಾಗಿತ್ತು.

ತೊಂಬತ್ತನಾಲ್ಕರ ಸುಮಾರಿಗೆ ಈ ಆಟ ಕ್ಯೂರಿಂಗ್ ವರ್ಕ್ಸಿನ ಗೇಟು ದಾಟಿತು. ಬಸ್‌ಸ್ಟ್ಯಾಂಡ್ ಹತ್ತಿರ ಓಂಕಾರಪ್ಪ ಎಂಬವರ ಕ್ಯಾಸೆಟ್ ಅಂಗಡಿಯಿತ್ತು. ಬೇಕಾದ ಹಾಡುಗಳ ಪಟ್ಟಿ ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದರು. ಗಿರಾಕಿಗಳನ್ನು ಸೆಳೆಯಲು ಅವರು ಶನಿವಾರಕ್ಕೊಂದು ಪ್ರಶ್ನೆಯನ್ನು ಕಪ್ಪು ಹಲಗೆಯ ಮೇಲೆ ಬರೆದಿಡುತ್ತಿದ್ದರು. ಉತ್ತರವನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಯಾರು ಬೇಕಾದರೂ ಪ್ರಶ್ನೆಯನ್ನೂ ಹಾಕಬಹುದು. ರುದ್ರಾಣಿ ಬಸ್ಸಿಗೆ ಹೋಗುವ ದಾರಿಯಲ್ಲೇ ಅಂಗಡಿ ಇದ್ದದ್ದರಿಂದ ಜಮೀಲುನ್ನೀಸಾ ಹೇಳಿದ್ದನ್ನು ಬರೆದು ಡಬ್ಬಿಗೆ ಹಾಕುತ್ತಿದ್ದಳು.

ಅಲ್ಲಿ ಅವರಿಗೆ ಸಿಕ್ಕ ಎದುರಾಳಿ ಚಂದ್ರಶೇಖರ. ಅತ್ತಿಗುಂಡಿ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಎಸ್ಟೇಟಿನ ಹಾಜರಿ ಪುಸ್ತಕ ಬರೆದಷ್ಟೇ ಅಚ್ಚುಕಟ್ಟಾಗಿ ಅವರು ಹಾಡುಗಳಿಗೂ ಒಂದು ದಪ್ಪ ಪುಸ್ತಕ ಇಟ್ಟಿದ್ದರು. ಚಿತ್ರ, ಹಾಡು, ಸಂಗೀತ, ಹಾಡಿದವರು, ಈ ಮಾಹಿತಿ ಎಲ್ಲಿ ಸಿಕ್ಕಿತು ಎನ್ನುವುದಕ್ಕೆ ಒಂದೊಂದು ಕಾಲಂ. ಅಚ್ಚಾದದ್ದನ್ನು ಕಣ್ಣಾರೆ ನೋಡದೆ ಒಂದಕ್ಷರ ಬರೆಯುತ್ತಿರಲಿಲ್ಲ. ಅವರು ಊರಿಗಿಳಿಯುತ್ತಿದ್ದದ್ದು ಭಾನುವಾರ, ಹೆಂಗಸರು ಅಂಗಡಿ ಮುಂದೆ ಹಾಯುತ್ತಿದ್ದದ್ದು ವಾರದ ದಿನ. ಎರಡು ವರ್ಷ ಮುಖ ನೋಡದೆ ಚೀಟಿಯಲ್ಲೇ ಪ್ರಶ್ನೋತ್ತರ ನಡೆಯಿತು.

ತೊಂಬತ್ತಾರರ ಜನವರಿಯಲ್ಲಿ ಜಮೀಲುನ್ನೀಸಾ ಒಂದು ಪ್ರಶ್ನೆ ಕಳಿಸಿದಳು. ಒಂದು ಹಳೆಯ ಚಿತ್ರದಲ್ಲಿ ಗಂಡನಿಗಾಗಿ ಕಾಯುವ ಹೆಂಗಸು ಲಾಂದ್ರ ಹಿಡಿದು ಹಾಡುವ ಹಾಡೊಂದಿದೆ. ಎಲ್ಲರೂ ಅದನ್ನು ಲಾಂದ್ರದ ಹಾಡು ಎನ್ನುತ್ತಿದ್ದರು. ಕ್ಯಾಸೆಟ್ಟಿನ ಮೇಲೆ ಇದ್ದದ್ದು ಒಬ್ಬ ಹೆಸರಾದ ಗಾಯಕಿಯ ಹೆಸರು. ಜಮೀಲುನ್ನೀಸಾಳ ಪ್ರಶ್ನೆ: ಈ ಹಾಡಿನಲ್ಲಿ ಎರಡನೇ ಹೆಣ್ಣುದನಿ ಎಲ್ಲಿ ಬರುತ್ತದೆ, ಅದು ಯಾರದು? ಉತ್ತರ ಅವಳಿಗೂ ಪೂರ್ತಿ ಗೊತ್ತಿರಲಿಲ್ಲ. ಯಾರದೆಂದು ತಿಳಿದವರು ಯಾರಾದರೂ ಇದ್ದಾರೇನೋ ಎಂದು ಕೇಳಿದ್ದಳು.

ಚಂದ್ರಶೇಖರ ಬರೆದ ಚೀಟಿಯಲ್ಲಿ ಎರಡೇ ಪದ ಇದ್ದವು: ‘ಪ್ರಶ್ನೆಯೇ ತಪ್ಪು.’

"ಹೀಗಂದ್ರಾ?" ಎಂದಳು ಜಮೀಲುನ್ನೀಸಾ. ಅವತ್ತು ಅವಳ ಕೈಯಿಂದ ಎರಡು ಮೊರದಷ್ಟು ಬೀಜಕ್ಕೆ ಒಡಕು ಸೇರಿಹೋಗಿ ಸೂಪರ್‌ವೈಸರ್ ಮತ್ತೆ ಆರಿಸಲು ಹೇಳಿದರು.

ಮುಂದಿನ ಭಾನುವಾರ ಅವಳೇ ಅಂಗಡಿಗೆ ಹೋದಳು, ಫರ್ಹತ್‌ಳನ್ನು ಕರೆದುಕೊಂಡು. ಸ್ಟೂಲಿನ ಮೇಲೆ ತೊಡೆ ಮೇಲೆ ಪುಸ್ತಕವಿಟ್ಟುಕೊಂಡು ಕೂತಿದ್ದ ತೆಳ್ಳನೆಯ ಮನುಷ್ಯನೇ ರೈಟರ್ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವರು ಎದ್ದು ಸ್ಟೂಲು ಬಿಟ್ಟುಕೊಟ್ಟರು.

"ಓಂಕಾರಪ್ಪನೋರೆ, ಆ ಹಾಡು ಸ್ವಲ್ಪ ಹಾಕಿ. ಮೂರನೇ ಚರಣದ ಹತ್ರ ನಿಲ್ಸಿ," ಎಂದಳು.

ಹಾಡು ಬಂತು. ನಿಂತಿತು.

"ಈಗ ಚರಣ ಶುರುವಾಗೋಕೆ ಮುಂಚೆ ಹಾಡೋರು ಉಸಿರು ಎಳ್ಕೊಳ್ತಾರೆ. ಕೇಳ್ತಾ ಇರಿ. ಮೊದ್ಲೆರಡು ಚರಣದಲ್ಲಿ ಉಸಿರು ಕೇಳ್ಸಲ್ಲ. ಕ್ಯಾಸೆಟ್ ಮೇಲೆ ಹೆಸರಿರೋರು ಹಾಡಿರೋ ಯಾವ ಹಾಡಲ್ಲೂ ಕೇಳ್ಸಲ್ಲ."

ಓಂಕಾರಪ್ಪ ಮತ್ತೆ ಹಾಕಿದರು. ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಿದರು. ಉಸಿರು ಕೇಳಿಸಿತು.

"ಕೊನೆಗೆ ಸುಸ್ತಾಗಿರಬಹುದಲ್ಲ," ಎಂದರು ಚಂದ್ರಶೇಖರ. "ಒಬ್ರದೇ ದನಿ ಒಂದೇ ಥರ ಇರಲ್ಲ ನೋಡಿ."

"ಸುಸ್ತಾದ ದನಿ ಕೆಳಗೆ ಇಳಿಯುತ್ತೆ ರೈಟ್ರೇ. ಇದು ಮೇಲೆ ಹೋಗಿದೆ. ಈ ಹುಡುಗಿ ಹೆದರ್ಕೊಂಡು ಹಾಡಿದಾಳೆ."

"ಇರಬಹುದು. ನಾನು ಇಲ್ಲ ಅನ್ನಲ್ಲ. ಆದ್ರೆ ಅಚ್ಚಾಗಿರೋದು ಒಂದೇ ಹೆಸರು. ಕಿವಿ ನಂಬಿ ಬರ್ಕೊಂಡ್ರೆ ನಾಳೆ ಒಬ್ಬೊಬ್ರ ಕಿವಿ ಒಂದೊಂದು ಹೇಳುತ್ತೆ."

ಚಿತ್ರ ಬಿಡುಗಡೆಯಾದಾಗ ಟಾಕೀಸಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಸಿಕ್ಕರೆ ತೀರ್ಮಾನವಾಗುತ್ತದೆ ಎಂದು ಮೂವರೂ ಒಪ್ಪಿದರು. ಚಂದ್ರಶೇಖರ ದಾವಣಗೆರೆಯ ಒಬ್ಬ ಸಂಗ್ರಹಕಾರರಿಗೆ ಕಾಗದ ಬರೆದರು. ಅಲ್ಲಿಯವರೆಗೆ ಬೀಜ ಆರಿಸುವ ಸಾಲಿನಲ್ಲಿ ಬೇರೆ ಮಾತೇ ಇರಲಿಲ್ಲ. ಹಾಡನ್ನು ಸರಿಯಾಗಿ ಕೇಳದವರೂ ಜಮೀಲುನ್ನೀಸಾಳ ಕಡೆ.

ಜೂನ್‌ನಲ್ಲಿ ಪುಸ್ತಕ ಬಂತು. ಪ್ರತಿ ಹಾಡಿನ ಕೆಳಗೂ ಹಾಡಿದವರ ಹೆಸರು ಇತ್ತು. ಲಾಂದ್ರದ ಹಾಡಿನ ಕೆಳಗೆ ಇದ್ದದ್ದು ಒಂದೇ ಹೆಸರು.

ರುದ್ರಾಣಿ ಸುದ್ದಿ ತಂದಾಗ ಮುಖ ಸಣ್ಣಗೆ ಮಾಡಿಕೊಂಡಿದ್ದಳು. "ಪುಸ್ತಕದಲ್ಲೇ ತಪ್ಪಿರ್ಬೋದು ಜಮೀಲಕ್ಕ."

"ಪುಸ್ತಕ ಬರ್ಲಿ ಅಂದೋಳು ನಾನೇ ಅಲ್ವಾ ಮಾರಾಯ್ತಿ. ಸೋತೆ ಅಂತ ಬರೆದುಹಾಕು."

ಅವತ್ತು ನೀರು ಅವಳೇ ತಂದಳು. ಬೇಡವೆಂದರೂ ಕೇಳಲಿಲ್ಲ. ಮುಂದೆಯೂ ಉತ್ತರ ಕಳಿಸುತ್ತಿದ್ದಳು, ಪ್ರಶ್ನೆ ಹಾಕುವುದನ್ನು ಮಾತ್ರ ಬಿಟ್ಟಳು. ರೇಡಿಯೋದಲ್ಲಿ ಆ ಹಾಡು ಬಂದರೆ ಅಡುಗೆಮನೆಯಿಂದ ಬಂದು ಆಫ್ ಮಾಡುತ್ತಿದ್ದಳು. ಸೋಲಿಗಿಂತ ಹೆಚ್ಚಾಗಿ ಅವಳಿಗೆ ಕಿವಿಯ ಮೇಲೆ ಅನುಮಾನ ಹುಟ್ಟಿತ್ತು. ಓದು ಬರಹ ಅವಳಿಗೆ ಅಷ್ಟಕ್ಕಷ್ಟೆ. ಇದೊಂದು ತನಗೆ ಚೆನ್ನಾಗಿ ಬರುತ್ತದೆ ಎಂದುಕೊಂಡಿದ್ದಳು.

ಎರಡು ಸಾವಿರದೊಂದರಲ್ಲಿ ಕ್ಯೂರಿಂಗ್ ವರ್ಕ್ಸಿಗೆ ಬಣ್ಣ ನೋಡಿ ಬೀಜ ಬೇರೆ ಮಾಡುವ ಮಿಷನ್ ಬಂತು. ಮೊದಲ ದಿನ ಹೆಂಗಸರೆಲ್ಲ ಸುತ್ತ ನಿಂತು ನೋಡಿದರು. ಕರಿ ಬೀಜ ಬಂದ ಕಡೆ ಗಾಳಿ ಫಟ್ಟೆಂದು ಊದಿ ಅದನ್ನು ಪಕ್ಕಕ್ಕೆ ಎಸೆಯುತ್ತಿತ್ತು. ಅರ್ಧ ಗಂಟೆಯಲ್ಲಿ ಅವರ ಒಂದು ದಿನದ ಕೆಲಸ ಮುಗಿದಿತ್ತು. ಆರು ತಿಂಗಳಲ್ಲಿ ಸಾಲು ಖಾಲಿಯಾಯಿತು. ರುದ್ರಾಣಿ ವಸ್ತಾರೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಳು. ಜಮೀಲುನ್ನೀಸಾ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಗೆ ಸೇರಿದಳು.

ಎರಡು ಸಾವಿರದ ಮೂರರ ಒಂದು ಭಾನುವಾರ ಬೆಳಿಗ್ಗೆ ಅವಳು ಹಾಸ್ಟೆಲಿನ ಹಿಂದಿನ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ ಚಂದ್ರಶೇಖರ ಬಂದರು. ತಲೆ ಪೂರಾ ಬೆಳ್ಳಗಾಗಿತ್ತು. ಮೊದಲು ಕ್ಯೂರಿಂಗ್ ವರ್ಕ್ಸಿಗೆ ಹೋಗಿದ್ದರಂತೆ. ಅಲ್ಲಿಂದ ಓಂಕಾರಪ್ಪನವರ ಹತ್ತಿರ, ಅವರು ವಸ್ತಾರೆಯ ರುದ್ರಾಣಿಗೆ ಫೋನ್ ಮಾಡಿ ವಿಚಾರಿಸಿ ಇಲ್ಲಿಗೆ ದಾರಿ ಹೇಳಿದ್ದರು.

"ಏನು ರೈಟ್ರೇ, ಇಷ್ಟು ದೂರ?"

"ಒಂದು ಕಾಗದ ಬಂದಿದೆ. ನಿಮಗೆ ಓದಿ ಹೇಳ್ಬೇಕು."

ಅವರು ಕಟ್ಟೆಯ ಮೇಲೆ ಕೂತು, ಓದುವ ಮೊದಲು ಒಂದು ವಿಷಯ ಹೇಳಿದರು. "ಅವತ್ತು ಅಂಗಡೀಲಿ ನೀವು ಕೇಳಿಸಿದ್ರಲ್ಲ, ಆಮೇಲೆ ನಂಗೆ ಆ ಹಾಡು ಒಬ್ರ ದನಿ ಅಂತ ಅನ್ನಿಸ್ಲೇ ಇಲ್ಲ. ಪುಸ್ತಕ ಬಂದ ದಿನವೂ ಅನ್ನಿಸ್ಲಿಲ್ಲ. ಗೆದ್ದೆ ಅಂತ ಸುಮ್ನೆ ಇರೋಕೆ ಆಗ್ಲಿಲ್ಲ. ಆ ಚಿತ್ರದ ಸಂಗೀತಕ್ಕೆ ಸೇರಿದವ್ರು ಯಾರಾದ್ರೂ ಇದಾರಾ ಅಂತ ಕಾಗದ ಬರೀತಾ ಇದ್ದೆ. ಏಳು ವರ್ಷ ಆಯ್ತು."

ಕಾಗದ ಬರೆದವರು ಮೈಸೂರಿನಲ್ಲಿದ್ದ ಒಬ್ಬ ವಯಸ್ಸಾದ ಪಿಟೀಲುವಾದಕರು. ಲಾಂದ್ರದ ಹಾಡಿನ ಧ್ವನಿಮುದ್ರಣದಲ್ಲಿ ಅವರೂ ನುಡಿಸಿದ್ದರು. ಎರಡು ಚರಣ ಮುಗಿಯುವಷ್ಟರಲ್ಲಿ ಗಾಯಕಿಗೆ ಜ್ವರ ಏರಿ ದನಿ ಕಟ್ಟಿಹೋಯಿತಂತೆ. ಸ್ಟುಡಿಯೋ ಅವತ್ತಿಗೆ ಮಾತ್ರ ಸಿಕ್ಕಿತ್ತು. ಕೋರಸ್ಸಿನಲ್ಲಿದ್ದ ಒಬ್ಬ ಹುಡುಗಿಯನ್ನು ಮುಂದೆ ನಿಲ್ಲಿಸಿ ಕೊನೆಯ ಎರಡು ಸಾಲು ಹಾಡಿಸಿದರಂತೆ. ಹೆಸರು ಎಲ್ಲಿಯೂ ಹಾಕಲಿಲ್ಲ.

ಜಮೀಲುನ್ನೀಸಾ ಕೈಯಲ್ಲಿದ್ದ ಅವರೆಕಾಯಿಯನ್ನು ಬಿಡಿಸದೆ ಹಾಗೇ ಹಿಡಿದುಕೊಂಡಿದ್ದಳು.

"ಹೆಸರೇನಂತೆ ಅವಳ್ದು?"

"ಅವ್ರಿಗೆ ನೆನಪಿಲ್ಲವಂತೆ. ಹದಿನೇಳು ಹದಿನೆಂಟರ ಹುಡುಗಿ, ತುಂಬಾ ಹೆದರಿದ್ಲು, ಅಷ್ಟು ಮಾತ್ರ ನೆನಪಿದೆಯಂತೆ."

"ಹೆಸರೇ ಇಲ್ಲ ಅಂದ್ರೆ ಅರ್ಧ ಉತ್ತರ ಆಯ್ತಲ್ಲ," ಎಂದಳು. ಕಾಯಿ ಬಿಡಿಸುತ್ತಾ, "ಎರಡು ಸಾಲಲ್ಲ ರೈಟ್ರೇ. ನಾಲ್ಕು. ಚರಣದ ಮೊದಲಿಂದ್ಲೂ ಅವಳೇ. ಉಸಿರು ಎಳ್ಕೊಳ್ಳೋದೇ ಅಲ್ಲಿ."

ಚಂದ್ರಶೇಖರ ನಕ್ಕರು. ಅಲ್ಲೇ ಕೂತು ಮೈಸೂರಿಗೆ ಒಂದು ಕಾರ್ಡು ಬರೆದರು: ಎರಡು ಸಾಲೋ ನಾಲ್ಕು ಸಾಲೋ, ದಯವಿಟ್ಟು ತಿಳಿಸಿ. ಇಪ್ಪತ್ತು ದಿನದ ಮೇಲೆ ಪಿಟೀಲುವಾದಕರ ಮಗನ ಉತ್ತರ ಬಂತು. ತಂದೆ ತೀರಿಕೊಂಡಿದ್ದರು. ಆ ವಿಷಯ ತಿಳಿಸಲು ಬಂದ ಚಂದ್ರಶೇಖರ ತಮ್ಮ ಆ ದಪ್ಪ ಪುಸ್ತಕವನ್ನೂ ತಂದಿದ್ದರು. ಲಾಂದ್ರದ ಹಾಡಿನ ಸಾಲಿನಲ್ಲಿ ಎರಡನೇ ಗಾಯಕಿಯ ಜಾಗ ಖಾಲಿ ಬಿಟ್ಟು, ‘ಮೂರನೇ ಚರಣ, ನಾಲ್ಕು ಸಾಲು’ ಎಂದು ಬರೆದಿದ್ದರು. ಮಾಹಿತಿ ಎಲ್ಲಿ ಸಿಕ್ಕಿತು ಎಂಬ ಕಾಲಂನಲ್ಲಿ ‘ಜಮೀಲುನ್ನೀಸಾ, ಚಿಕ್ಕಮಗಳೂರು’ ಎಂದಿತ್ತು. ಅವಳು ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದಿದಳು.

"ಇದು ಅಚ್ಚಾಗಿದ್ದಲ್ಲ ರೈಟ್ರೇ."

"ಗೊತ್ತು. ಪುಸ್ತಕದಲ್ಲಿ ಅಂಥದ್ದು ಇದೊಂದೇ."

ಕೋರಸ್ ಹುಡುಗಿಯ ಹೆಸರನ್ನು ಕೇಳುವ ಪ್ರಶ್ನೆಯನ್ನು ಓಂಕಾರಪ್ಪ ಹಲಗೆಯ ಮೇಲೆ ನಾಲ್ಕು ತಿಂಗಳು ಇಟ್ಟರು. ಉತ್ತರ ಬರಲಿಲ್ಲ. ಕ್ಯಾಸೆಟ್ ಕೇಳುವವರು ಕಡಿಮೆಯಾಗಿ, ಮುಂದಿನ ವರ್ಷ ಅವರು ಆ ಅಂಗಡಿಯಲ್ಲಿ ಮೊಬೈಲ್ ಕರೆನ್ಸಿ ಹಾಕತೊಡಗಿದರು.

ಆದರೆ ತಿಂಗಳ ಎರಡನೇ ಭಾನುವಾರ ಹಾಸ್ಟೆಲಿನ ಕಟ್ಟೆಯ ಮೇಲೆ ಮೂವರು ಸೇರುವುದು ರೂಢಿಯಾಯಿತು. ಚಂದ್ರಶೇಖರ ಪುಸ್ತಕ ಹಿಡಿದು ಬಂದರೆ, ರುದ್ರಾಣಿ ಬಸ್ಸಿಳಿದು ನೇರ ಅಲ್ಲಿಗೇ ಬರುತ್ತಿದ್ದಳು. ಜಮೀಲುನ್ನೀಸಾ ಈರುಳ್ಳಿಯನ್ನೋ ಬೆಳ್ಳುಳ್ಳಿಯನ್ನೋ ಮುಂದೆ ಹರಡಿಕೊಂಡು ಮತ್ತೆ ಪ್ರಶ್ನೆ ಹಾಕತೊಡಗಿದ್ದಳು. ಫರ್ಹತ್‌ಳ ಮದುವೆಯ ದಿನವೂ ಶಾಮಿಯಾನದ ಒಂದು ಮೂಲೆಯಲ್ಲಿ ಚಂದ್ರಶೇಖರ ಅವಳ ಪ್ರಶ್ನೆಯೊಂದಕ್ಕೆ ಉತ್ತರ ಹುಡುಕುತ್ತಾ ಕೂತಿದ್ದರು. ಇನಾಯತುಲ್ಲಾ ಬಂದು, "ಸಾರ್, ಊಟಕ್ಕೆ ಏಳಿ, ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳೋಕೆ ಕೂತ್ರೆ ಬಿರಿಯಾನಿ ತಣ್ಣಗಾಗುತ್ತೆ," ಎಂದು ಕೈಹಿಡಿದು ಎಬ್ಬಿಸಿಕೊಂಡು ಹೋದ.