ನಾರಿಗೆ ಎಣ್ಣೆ ಹಾಕಿದ ಯಮನಮ್ಮ

ಬೆಳಗಿನ ಆರು ಗಂಟೆ. ಮಲಪನಗುಡಿಯ ಹೊರಗಿನ ತಗಡಿನ ಶೆಡ್ಡಿನಲ್ಲಿ ಯಮನಮ್ಮ ನೀರು ತುಂಬಿದ ನೀಲಿ ಡ್ರಮ್ಮಿಗೆ ಕಾಸ್ಟಿಕ್ ಸೋಡಾ ಹಾಕುತ್ತಿದ್ದಾರೆ. ಬೆಂಕಿ ಇಲ್ಲದೆಯೇ ನೀರು ಬಿಸಿಯಾಗಿ ಗಂಟಲು ಕೆರೆಯುವ ಘಾಟು ಏಳುತ್ತದೆ. "ದೂರ ನಿಂದರ್ರಿ ಸರ. ನೀರಿಗೆ ಸೋಡಾ ಹಾಕ್ಬೇಕು, ಸೋಡಾಕ್ಕ ನೀರು ಹಾಕ್ಬಾರ್ದು. ಹಾಕಿದ್ರ ಮಾರಿಗೇ ಸಿಡೀತೈತಿ," ಎನ್ನುತ್ತಾರೆ. ಮೊಣಕೈವರೆಗೆ ರಬ್ಬರ್ ಗ್ಲೌಸು, ಸೀರೆಯ ಮೇಲೆ ಗಂಡನ ಹಳೆಯ ಅಂಗಿ.

ಅಷ್ಟರಲ್ಲಿ ಗೇಟಿನಾಚೆ ಹೆಂಗಸರ ಮಾತು ಕೇಳಿಸುತ್ತದೆ. ಕಮಲಾಪುರದ ಕಡೆ ಕಬ್ಬಿನ ಕೆಲಸಕ್ಕೆ ಹೊರಟವರು. ಯಮನಮ್ಮ ತಟ್ಟನೆ ಡ್ರಮ್ಮಿನತ್ತ ಬಗ್ಗಿ, ಆ ದನಿ ದೂರವಾಗುವವರೆಗೂ ತಲೆ ಎತ್ತುವುದಿಲ್ಲ. ನನ್ನ ಕ್ಯಾಮೆರಾ ಕಂಡು ನಾಚಿದರು ಎಂದುಕೊಳ್ಳುತ್ತೇನೆ. ಹೊಗಳಲು ಬಂದವನ ಕಣ್ಣಿಗೆ ಹೊಗಳಿಕೆಗೆ ಬೇಕಾದದ್ದೇ ಕಾಣುತ್ತದೆ, ಏನು ಮಾಡುವುದು!

ಗೊನೆ ಕಡಿದ ಮೇಲೆ ತೋಟದಲ್ಲಿ ಕೊಳೆಯುವ ಬಾಳೆಕಂಬದಿಂದ ತೆಗೆದ ನಾರು ಇಲ್ಲಿಗೆ ಬರುತ್ತದೆ. ಹೊಸಪೇಟೆಯ ಒಂದು ಕಾರ್ಖಾನೆ ಅದನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಹಲಗೆ ಮಾಡುತ್ತದೆ. ಸಿಮೆಂಟಿಗೆ ಕಬ್ಬಿಣದ ಸರಳು ಇದ್ದ ಹಾಗೆ ಪ್ಲಾಸ್ಟಿಕ್ಕಿಗೆ ಈ ನಾರು. ಆದರೆ ಹಸಿ ನಾರಿನ ಮೈತುಂಬ ಮೇಣ, ಅಂಟು. ಅದು ಹೋಗಿ ಮೈ ಒರಟಾಗದೆ ಪ್ಲಾಸ್ಟಿಕ್ಕು ಅದನ್ನು ಹಿಡಿಯುವುದಿಲ್ಲ. ನೂರು ಲೀಟರ್ ನೀರು, ಐದು ಕೆ.ಜಿ. ಸೋಡಾ, ಐದು ಕೆ.ಜಿ. ನಾರು, ನಾಲ್ಕು ತಾಸಿನ ನೆನೆತ. ಆಮೇಲೆ ಆರು ನೀರಿನಲ್ಲಿ ತೊಳೆತ. ಕೊನೆಯ ನೀರಿಗೆ ಅದ್ದಿದ ಕೆಂಪು ಲಿಟ್ಮಸ್ ಕಾಗದ ನೀಲಿಯಾಗಬಾರದು, ಆದರೆ ಸೋಡಾ ಇನ್ನೂ ಉಳಿದಿದೆ ಎಂದರ್ಥ. ಒಣಗಿದಾಗ ಐದು ಕೆ.ಜಿ. ನಾಲ್ಕಾಗಿರುತ್ತದೆ. ದಿನಕ್ಕೆ ಇಂಥ ನಾಲ್ಕು ಡ್ರಮ್ಮು.

ಯಮನಮ್ಮ ಈ ಕೆಲಸಕ್ಕೆ ಬಂದು ಮೂರು ವರ್ಷ. ಅದಕ್ಕೂ ಮುಂಚೆ ಹಂಪಿಗೆ ಬರುವ ಪ್ರವಾಸಿಗರಿಗಾಗಿ ಚೀಲ, ಚಾಪೆಯ ನಾರು ಹದ ಮಾಡುತ್ತಿದ್ದರು. ಕಲಿಸಿದವರು ಅತ್ತೆ. "ನಾರು ಅಂದ್ರ ಹೆಣ್ಮಕ್ಕಳ ಕೂದಲಿದ್ದಂಗ, ಎಣ್ಣಿ ಕಾಣಿಸ್ದ ಬಿಡಬಾರ್ದು ಅಂತಿದ್ಲು ನಮ್ಮತ್ತಿ. ಕಡೀ ನೀರಿಗೆ ಒಂದು ಚಮಚ ಕೊಬ್ಬರಿ ಎಣ್ಣಿ. ಭಾಳ ಹೊಳೀತಿತ್ರಿ," ಎನ್ನುತ್ತಾರೆ. ಗ್ಲೌಸು ಕಳಚುತ್ತಾರೆ. ಬೆರಳುಗಳ ಚರ್ಮ ಸುಲಿದು ನುಣುಪಾಗಿದೆ. ಅದರ ಫೋಟೋ ತೆಗೆಯಲೇ ಎಂದು ಕೇಳುತ್ತೇನೆ.

"ಬ್ಯಾಡ್ರಿ. ನಾ ಪೇಪರ್‌ನಾಗ ಬರೋ ಅಂಥಾಕಿ ಅಲ್ಲ."

ಎಲ್ಲರೂ ಹೀಗೆಯೇ ಅನ್ನುತ್ತಾರೆ ಎಂದು ನಗುತ್ತೇನೆ. ಅವರು ನಗುವುದಿಲ್ಲ.

ಕಳೆದ ಯುಗಾದಿಗೆ ಮುಂಚೆ ನಲವತ್ತು ಕೆ.ಜಿ. ನಾರು ಕಾರ್ಖಾನೆಗೆ ಹೋಗಬೇಕಿತ್ತು. ಹಬ್ಬದ ಮುಂದೆ ಹೋಗುವ ನಾರು ಬರಿಮೈಯಲ್ಲಿ ಹೋಗಬಾರದು ಅನ್ನಿಸಿ, ಯಮನಮ್ಮ ಕಡೆಯ ನೀರಿಗೆ ಎಣ್ಣೆ ಬಿಟ್ಟರು. ಹಳೆಯ ಪ್ರೀತಿ, ಹಳೆಯ ಕೈ. ಹದಿನೈದು ದಿನಕ್ಕೆ ಹಲಗೆಗಳು ವಾಪಸು ಬಂದವು. ಶೆಡ್ಡಿನ ಮಾಲೀಕ ಪಂಪೇಶ್ ಒಂದನ್ನು ಮೊಣಕಾಲಿಗೆ ಕೊಟ್ಟು ಮುರಿದರೆ, ಪ್ಲಾಸ್ಟಿಕ್ಕಿನಿಂದ ನಾರು ಶಾವಿಗೆಯಂತೆ ಜಾರಿ ಬಂತು. ತೊಳೆದದ್ದು ಸರಿಯಾಗಿಲ್ಲ ಎಂದರು ಪಂಪೇಶ್. ತೊಳೆಯುವವಳು ದುರ್ಗಕ್ಕ. ಚೀಲ, ಚಾಪೆಯ ಕೆಲಸದ ಕಾಲದಿಂದಲೂ ಎಂಟು ವರ್ಷ ಯಮನಮ್ಮನ ಬುತ್ತಿಯಲ್ಲಿ ರೊಟ್ಟಿ ಹಂಚಿಕೊಂಡವಳು. ಮರುದಿನದಿಂದ ಅವಳಿಗೆ ಕೆಲಸವಿಲ್ಲ.

"ಮುರಿದ ಹಲಗಿ ಮೂಸಿದೆ. ಕೊಬ್ಬರಿ ಎಣ್ಣಿ ವಾಸನಿ ಬಂತ್ರಿ. ಎಣ್ಣಿಗೇ ಪ್ಲಾಸ್ಟಿಕ್ಕು ನಾರು ಹಿಡದಿಲ್ಲ ಅಂತ ಆಗಲೇ ಗೊತ್ತಾತು. ದುರ್ಗಕ್ಕ ನನ್ನ ಮಾರಿನೇ ನೋಡಿದ್ಲು, ಏನರ ಅಂತಾಳೇನೋ ಅಂತ. ನನಗ ಬಾಯಿ ಬರ್ಲಿಲ್ಲ. ಈಗ ಕಬ್ಬು ಕಡಿಯಾಕ ಹೊಂಟ್ರಲ್ಲ, ಆ ಗುಂಪಿನಾಗ ಆಕಿನೂ ಇದ್ಲು."

ಬಸ್ಸಿನಲ್ಲೇ ಹೊಗಳಿಕೆಯ ಶೀರ್ಷಿಕೆ ಬರೆದುಕೊಂಡು ಬಂದಿದ್ದ ನನಗೂ ನಾಚಿಕೆಯಾಗುತ್ತದೆ. ಪಂಪೇಶ್ ಅವರಿಗೆ ಹೇಳಿದ್ದೀರಾ ಎನ್ನುತ್ತೇನೆ.

"ನೀವು ಬರದ್ರ ಅವರೂ ಓದ್ತಾರಲ್ರಿ."

"ಪತ್ರಿಕೆ ಬರುವುದು ಭಾನುವಾರ, ಯಮನಮ್ಮ. ಇವತ್ತು ಗುರುವಾರ. ನಾಳೆ, ನಾಡಿದ್ದು ಬೆಳಿಗ್ಗೆಯೂ ದುರ್ಗಕ್ಕ ಇದೇ ದಾರಿಯಲ್ಲಿ ಹೋಗುತ್ತಾರೆ."

ಅವರು ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಾರೆ. ಆಮೇಲೆ ನೇರ ಹೋಗಿ, ಶೆಡ್ಡಿನ ಹಿಂಬದಿಯಲ್ಲಿ ನಾರು ತೂಗುತ್ತಿದ್ದ ಪಂಪೇಶ್ ಎದುರು ನಿಲ್ಲುತ್ತಾರೆ. "ಪಂಪೇಶಣ್ಣ, ಅದು ದುರ್ಗಕ್ಕನ ತಪ್ಪಲ್ಲ. ಎಣ್ಣಿ ಹಾಕಿದಾಕಿ ನಾನು."

ಪಂಪೇಶ್ ತಕ್ಕಡಿಯಿಂದ ಕಣ್ಣು ತೆಗೆಯುವುದಿಲ್ಲ. "ಇಷ್ಟು ದಿನ ಸುಮ್ನಿದ್ದೆಲ್ಲಕ್ಕ," ಎನ್ನುತ್ತಾರೆ. ತಕ್ಕಡಿಯಿಂದ ನಾರು ಇಳಿಸಿ, "ಎಣ್ಣಿ ಹಾಕಬಾರ್ದು ಅಂತ ನಾನೂ ಹೇಳಿರ್ಲಿಲ್ಲ. ಆಕಿನ್ನ ಕೇಳದನ ಕಳಿಸಿದೆ." ದುರ್ಗಕ್ಕನನ್ನು ವಾಪಸು ಕರೆಯಲು ಜೇಬಿನಿಂದ ಫೋನ್ ತೆಗೆಯುತ್ತಾರೆ.

"ಫೋನ್ ಬ್ಯಾಡಣ್ಣ. ನಾನ ಹೋಗಿ ಕರೀತೀನಿ. ಬೈಸಿಕೊಳ್ಳೋದೈತಿ," ಎಂದು ಯಮನಮ್ಮ ಗಂಡನ ಅಂಗಿ ಕಳಚಿ ಗೂಟಕ್ಕೆ ಹಾಕುತ್ತಾರೆ.

ಗೇಟಿನ ಹತ್ತಿರ ಹೋದವರು ನನ್ನತ್ತ ತಿರುಗುತ್ತಾರೆ. "ಹೆಸರು ಹಾಕ್ರಿ, ತಪ್ಪು ಯಾರದು ಅಂತ ಊರಿಗೆ ತಿಳೀಲಿ. ಫೋಟೋ ಮಾತ್ರ ಈಗ ಬ್ಯಾಡ. ಆಕಿ ಬಂದು ನಾರು ತೊಳಿಯೋ ತೊಟ್ಟಿ ಮುಂದ ಕುಂತ ದಿನ ಬರ್ರಿ, ಇಬ್ರದೂ ಕೂಡಿ ತಗೀರಿ."