ಇಲ್ಲದ ಆರನೆಯ ಹಾಡು

ನಾನು ಕಾಲೇಜು ಸೇರಿದಾಗ ನಮ್ಮ ಮನೆಯಲ್ಲಿದ್ದದ್ದು ರೇಡಿಯೋ ಒಂದೇ. ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ಸರ್ಕಾರಿ ಕಚೇರಿಯ ಗುಮಾಸ್ತರು. ಅಮ್ಮ ಸಂಜೆ ಹೊತ್ತು ಬೀದಿಯ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಸರಳೆ, ಜಂಟಿ ವರಸೆಗಳು ಕಿವಿಗೆ ಬೀಳುತ್ತಿದ್ದಂತೆಯೇ ಪಾಠ ಓದಿಕೊಂಡು ಬೆಳೆದವಳು ನಾನು. ಯಾರ ಶ್ರುತಿ ಎಲ್ಲಿ ಜಾರಿತು ಎಂಬುದು ಅಡುಗೆಮನೆಯಲ್ಲಿ ಕೂತಿದ್ದರೂ ತಿಳಿಯುತ್ತಿತ್ತು. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ನಿಧಾನವಾಗಿ ಓದಬಲ್ಲವಳಾಗಿದ್ದೆ, ನಾಲ್ಕು ಜನರೆದುರು ಬಾಯಿ ತೆರೆದು ಮಾತಾಡಲಾರದವಳಾಗಿದ್ದೆ.

ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಜಯನಗರ ಮೂರನೆಯ ಬ್ಲಾಕಿನ ಡಾಕ್ಟರೊಬ್ಬರ ಮಗಳು. ಅವಳಿಗೊಬ್ಬ ಅಣ್ಣ. ಎಂ.ಎ. ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದ. ಲಂಡನ್ನಿನಲ್ಲಿದ್ದ ಅವರ ಸೋದರಮಾವ ವರ್ಷಕ್ಕೆರಡು ಸಲ ರೆಕಾರ್ಡುಗಳನ್ನು ಕಳಿಸುತ್ತಿದ್ದರು. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಎಂಟು-ಹತ್ತು ಜನ ಅವರ ಮನೆಯ ಹಾಲಿನಲ್ಲಿ ಸೇರುತ್ತಿದ್ದರು. ಜಗತ್ತೆಲ್ಲ ಹೊಗಳಿದ ಹಳೆಯ ರಾಕ್, ಫೋಕ್, ಪಾಪ್ ಆಲ್ಬಮ್ಮುಗಳನ್ನು ಮತ್ತೆ ಕೇಳಿ, ಆ ಹೊಗಳಿಕೆಗೆ ಅವು ಈಗಲೂ ತಕ್ಕವೇ ಎಂದು ತೂಗಿ ನೋಡುವುದು ಅಲ್ಲಿನ ಕೆಲಸ. ಅಣ್ಣ ಇದನ್ನೇ ಒಂದು ಇಂಗ್ಲಿಷ್ ವಾರಪತ್ರಿಕೆಗೆ ಅಂಕಣವಾಗಿ ಬರೆಯುತ್ತಾನೆಂದು ಗೆಳತಿ ಹೇಳಿದ್ದಳು. ನಮ್ಮ ಮನೆಗೆ ಇಂಗ್ಲಿಷ್ ಪತ್ರಿಕೆ ಬರುತ್ತಿರಲಿಲ್ಲವಾದ್ದರಿಂದ ನಾನು ಅದನ್ನು ನೋಡಿರಲಿಲ್ಲ.

ನಾನು ಹೋದ ಮೊದಲ ಭಾನುವಾರ ಒಂದು ರಾಕ್ ಆಲ್ಬಮ್ ಹಾಕಿದರು. ಒಂದು ಹಾಡಿನ ನಡುವೆ ಡ್ರಮ್ಮಿನವನು ಒಬ್ಬನೇ ಬಾರಿಸತೊಡಗಿದ. ಬಾರಿಸಿದ, ಬಾರಿಸಿದ, ಮುಗಿಯಲೇ ಇಲ್ಲ. ಕೊನೆಗೆ ಒಬ್ಬೊಬ್ಬರ ಅಭಿಪ್ರಾಯ ಕೇಳುತ್ತಾ ನನ್ನ ಸರದಿ ಬಂತು. ನಾನು ಕನ್ನಡದಲ್ಲೇ ಹೇಳಿದೆ.

"ಕಚೇರೀಲಿ ಒಬ್ರೇ ತನಿ ಬಾರಿಸೋ ಮೃದಂಗದೋರು ಕೊನೇಲಿ ಹಾಡೋರಿಗೆ ಪಲ್ಲವಿ ವಾಪಸ್ ಕೊಡ್ತಾರೆ. ಇವರು ಕೊಡೋದನ್ನೇ ಮರೆತುಬಿಟ್ರು."

ಗೆಳತಿಯ ಅಣ್ಣ, "ಭಜನೆ ಮಂಡಳಿಯಿಂದ ಬಂದಿದಾಳೆ ಕಣ್ರೋ, ಮುಂದಿನ ವಾರ ತಾಳ ತರಿಸೋಣ" ಎಂದ. ಎಲ್ಲರೂ ನಕ್ಕರು. ಗೆಳತಿಯೂ ನಕ್ಕಳು. ನಗದೆ ಕೂತಿದ್ದವರು ಒಬ್ಬರೇ. ರಾಗಿಗುಡ್ಡದ ಹತ್ತಿರ ಮನೆ ಮಾಡಿಕೊಂಡಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಅವರು. ಅವರು ನನ್ನನ್ನೇ ನೋಡುತ್ತಿದ್ದರು.

ನಾನು ಹೊರಟಾಗ ಗೇಟಿನವರೆಗೆ ಅಣ್ಣ ಬಂದ. ತನಿ, ಪಲ್ಲವಿ ಅಂತ ಏನೋ ಹೇಳಿದೆಯಲ್ಲ, ಇನ್ನೊಮ್ಮೆ ಹೇಳು ಎಂದು ಕೇಳಿದ. ನಕ್ಕದ್ದಕ್ಕೆ ಹೀಗೆ ಸಮಾಧಾನ ಮಾಡುತ್ತಿದ್ದಾನೆ ಎಂದುಕೊಂಡು ಬಿಡಿಸಿ ಹೇಳಿದೆ. ಮುಂದಿನ ವಾರ ಅವನು ಪೆಟ್ಟಿಗೆಯಂಥ ಒಂದು ಹಳೆಯ ರೆಕಾರ್ಡ್ ಪ್ಲೇಯರನ್ನೂ ಎರಡು ಆಲ್ಬಮ್ಮುಗಳನ್ನೂ ನನಗೆ ಕೊಟ್ಟ. ಮನೆಯಲ್ಲಿ ಕೇಳಿ ಗುರುವಾರ ಬಂದು ಅನಿಸಿದ್ದು ಹೇಳು ಎಂದ. ಅಮ್ಮ ತಮ್ಮ ಶಿಷ್ಯೆಯರಿಗೆ ಪಾಠವನ್ನು ತಾರೀಖು ಹಾಕಿ ಬರೆದುಕೊಳ್ಳಲು ಹೇಳುತ್ತಿದ್ದರು. ಅದೇ ಅಭ್ಯಾಸದಲ್ಲಿ ನಾನೂ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಆಲ್ಬಮ್ಮಿನ ಬಗ್ಗೆ ತಾರೀಖು ಹಾಕಿ ಬರೆದಿಟ್ಟು, ಗುರುವಾರ ಹೋಗಿ ಬಾಯಲ್ಲಿ ಒಪ್ಪಿಸುತ್ತಿದ್ದೆ. ಅವನು ರೆಕಾರ್ಡು ಒರೆಸುತ್ತಾ, ಹೂಂ ಹೂಂ ಎನ್ನುತ್ತಾ ಕೇಳುತ್ತಿದ್ದ. ಭಾನುವಾರ ಮಾತ್ರ ಎಲ್ಲರೆದುರು ಅದೇ ಭಜನೆ ಮಂಡಳಿಯ ತಮಾಷೆ. ಆದರೂ ಹೋಗುತ್ತಿದ್ದೆ. ಆ ಸಂಗೀತ ಬೇರೆಲ್ಲೂ ನನಗೆ ಸಿಗುವಂತಿರಲಿಲ್ಲ. ಮಾನ ಬಿಟ್ಟಾದರೂ ಕೇಳಬೇಕೆನ್ನಿಸುವಷ್ಟು ಅದು ಹಿಡಿದಿತ್ತು.

ಐದಾರು ತಿಂಗಳು ಹೀಗೇ ನಡೆಯಿತು. ಒಂದು ಶನಿವಾರ ಜಯನಗರ ಕಾಂಪ್ಲೆಕ್ಸಿನ ಹತ್ತಿರದ ಬಾಡಿಗೆ ಪುಸ್ತಕದ ಅಂಗಡಿಗೆ ಅಮ್ಮನಿಗೆ ಕಾದಂಬರಿ ತರಲು ಹೋಗಿದ್ದೆ. ಬೆಂಚಿನ ಮೇಲೆ ಆ ಇಂಗ್ಲಿಷ್ ವಾರಪತ್ರಿಕೆ ಬಿದ್ದಿತ್ತು. ತೆರೆದರೆ ಅವನ ಚಿಕ್ಕ ಫೋಟೋ, ಕೆಳಗೆ ಅಂಕಣ. ಹಿಂದಿನ ವಾರದ ಗುರುವಾರ ನಾನು ಒಂದು ಪಾಪ್ ಆಲ್ಬಮ್ಮಿನ ಬಗ್ಗೆ, ಒಗ್ಗರಣೆ ಜಾಸ್ತಿ, ಸಾರು ಮಾತ್ರ ತೆಳು ಎಂದಿದ್ದೆ. ಅಲ್ಲಿ ಸಾರು ಸೂಪ್ ಆಗಿತ್ತು. ಒಗ್ಗರಣೆ ಮಸಾಲೆಯಾಗಿತ್ತು. ಮಿಕ್ಕದ್ದೆಲ್ಲ ನನ್ನದೇ. ಅಂಗಡಿಯವರನ್ನು ಕೇಳಿ ಹಳೆಯ ಸಂಚಿಕೆಗಳನ್ನು ತೆಗೆಸಿದೆ. ನಿಂತುಕೊಂಡೇ ಓದಿದೆ, ಅರ್ಥವಾಗದ ಪದಕ್ಕೆ ಅಲ್ಲಿದ್ದ ಡಿಕ್ಷನರಿ ನೋಡಿದೆ. ಡ್ರಮ್ಮಿನವನು ಪಲ್ಲವಿ ವಾಪಸ್ ಕೊಡದ ಮಾತೂ ಇತ್ತು. ಅದಕ್ಕೆ ಸಂಪಾದಕರು ದಪ್ಪಕ್ಷರದ ತಲೆಬರಹ ಕೊಟ್ಟಿದ್ದರು.

ಒಂದು ಸಂಚಿಕೆಯಲ್ಲಿ, ನಮ್ಮಜ್ಜಿ ಹೀಗೆ ಹೇಳುತ್ತಿದ್ದರು ಎಂದು ಅವನು ಬರೆದಿದ್ದ. ಹಾಡು ಚೆನ್ನಾಗಿದ್ದರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಬಾರದು. ಇದು ನಮ್ಮ ತಾಯಿಯ ತಾಯಿ ಹೇಳುತ್ತಿದ್ದ ಮಾತು, ಒಂದು ಗುರುವಾರ ನಾನೇ ಅವನಿಗೆ ಹೇಳಿದ್ದೆ. ಅವರು ತೀರಿಹೋಗಿ ಎರಡು ವರ್ಷವಾಗಿತ್ತಷ್ಟೆ. ನನ್ನ ಮಾತು ಕದ್ದದ್ದನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆನೇನೋ. ನನ್ನಜ್ಜಿಯನ್ನು ತನ್ನ ಅಜ್ಜಿ ಮಾಡಿಕೊಂಡದ್ದನ್ನು ಓದಿದ ಮೇಲೆ ಅಮ್ಮನ ಕಾದಂಬರಿಯನ್ನೂ ಮರೆತು ಅಂಗಡಿಯಿಂದ ಹೊರಬಿದ್ದೆ. ಮನೆಗೆ ನಡೆದುಕೊಂಡು ಬರುವಷ್ಟರಲ್ಲಿ ಒಂದು ನಿರ್ಧಾರ ಮಾಡಿದ್ದೆ. ಹೋಗಿ ಜಗಳವಾಡಿದರೆ ಅವನು ನಗುತ್ತಾನೆ, ಅವನೊಂದಿಗೆ ಉಳಿದವರೂ ನಗುತ್ತಾರೆ. ಇವನು ಬೀಳಬೇಕಾದರೆ ಇವನ ಅಂಕಣದಲ್ಲೇ ಬೀಳಬೇಕು.

ಕಾಯಬೇಕಾಯಿತು. ಯಾರಿಗೂ ಏನೂ ಹೇಳಲಿಲ್ಲ, ಗೆಳತಿಗೂ ಹೇಳಲಿಲ್ಲ. ಎಂದಿನಂತೆ ಗುರುವಾರ ಹೋದೆ, ಭಾನುವಾರ ನಗಿಸಿಕೊಂಡೆ. ಬ್ಯಾಂಕ್ ಪರೀಕ್ಷೆ ಹತ್ತಿರ ಬಂದಂತೆ ಅವನು ರೆಕಾರ್ಡು ಕೇಳುವುದನ್ನೇ ಬಿಟ್ಟ. ಕವರನ್ನೂ ಓದದೆ ನನಗೆ ಕೊಟ್ಟುಬಿಡುತ್ತಿದ್ದ. ಅಂಥದ್ದರಲ್ಲಿ ಮೇಷ್ಟ್ರು ತಮ್ಮದೊಂದು ಫೋಕ್ ಆಲ್ಬಮ್ ತಂದುಕೊಟ್ಟರು. ಗಿಟಾರ್ ಹಿಡಿದ ಒಬ್ಬನೇ ಗಾಯಕ, ಅಲ್ಲಲ್ಲಿ ಮೌತ್ ಆರ್ಗನ್. ಎರಡನೆಯ ಬದಿಯಲ್ಲಿ ಐದು ಹಾಡು. ಅದೂ ನೇರವಾಗಿ ನನ್ನ ಕೈಗೆ ಬಂತು.

ಮೂರು ದಿನ ಕೂತು ಅದರಲ್ಲಿಲ್ಲದ ಆರನೆಯ ಹಾಡೊಂದನ್ನು ಮನಸ್ಸಿನಲ್ಲೇ ಕಟ್ಟಿದೆ. ಗುರುವಾರ ಹೋಗಿ, ಆಲ್ಬಮ್ ಸಾಧಾರಣ, ಆದರೆ ಕೊನೆಯಲ್ಲಿ ಕವರಿನ ಮೇಲೆ ನಮೂದಿಸದ ಒಂದು ಹಾಡಿದೆ ಎಂದೆ. ಗಂಡಸಿನ ದನಿಯೇ ಇಲ್ಲ. ಹೆಂಗಸೊಬ್ಬಳು ಪದವಿಲ್ಲದೆ ಗುನುಗುತ್ತಾಳೆ, ದೂರದಲ್ಲಿ ತಮಟೆಯಂಥದ್ದೊಂದು ಬಡಿಯುತ್ತಿರುತ್ತದೆ, ಮಗು ಮಲಗಿತೋ ಎಂದು ನೋಡಲು ನಿಲ್ಲಿಸಿದ ಹಾಗೆ ದನಿ ನಡುವೆ ನಿಲ್ಲುತ್ತದೆ, ಆಲ್ಬಮ್ಮನ್ನು ಉಳಿಸುವುದು ಅದೇ ಎಂದೆ. ಅವನು ರೆಕಾರ್ಡು ಒರೆಸುವುದನ್ನು ನಿಲ್ಲಿಸಿ ಕೇಳಿದ.

"ಇದನ್ನ ಬೇರೆ ಯಾರಾದ್ರೂ ಗಮನಿಸಿದಾರಾ?"

"ಇಲ್ಲ ಅನ್ಸತ್ತೆ. ನೀವೇ ಮೊದಲು" ಎಂದೆ.

ರೆಕಾರ್ಡು ತರಲು ಮರೆತೆನೆಂದು ಹೇಳಿ ಮನೆಯಲ್ಲೇ ಇಟ್ಟುಕೊಂಡೆ. ಮುಂದಿನ ಗುರುವಾರ ಜ್ವರವೆಂದು ಹೇಳಿ ಕಳಿಸಿದೆ. ಶನಿವಾರ ಪತ್ರಿಕೆ ಬಂತು. ಅಂಕಣದ ಅರ್ಧಭಾಗ ಆ ಆರನೆಯ ಹಾಡಿನ ಬಗ್ಗೆಯೇ. ತಾನು ಅದನ್ನು ಮತ್ತೆ ಮತ್ತೆ ಕೇಳಿದೆನೆಂದೂ, ಕೇಳುತ್ತಾ ಬಾಲ್ಯ ನೆನಪಾಯಿತೆಂದೂ ಬರೆದಿದ್ದ.

ಭಾನುವಾರ ರೆಕಾರ್ಡನ್ನೂ ನೋಟ್‌ಬುಕ್ಕನ್ನೂ ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ಮೇಷ್ಟ್ರು ನನಗಿಂತ ಮೊದಲೇ ಬಂದು, ಪತ್ರಿಕೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ರೆಕಾರ್ಡನ್ನು ಮೇಜಿನ ಮೇಲಿಟ್ಟೆ. ಅವರು ಅಣ್ಣನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಇದು ನಂದೇ ರೆಕಾರ್ಡಪ್ಪ. ಇಪ್ಪತ್ತು ಸಲ ಕೇಳಿರ್ಬೇಕು. ಎರಡನೇ ಸೈಡಲ್ಲಿ ಐದೇ ಹಾಡು. ಆರನೇದು ಹಾಕು, ನಾನೂ ಕೇಳ್ತೀನಿ."

ಅವನು ನಗುತ್ತಲೇ ಎದ್ದು ಐದನೆಯ ಹಾಡಿನ ಮೇಲೆ ಮುಳ್ಳು ಇಟ್ಟ. ಹಾಡು ಮುಗಿಯಿತು. ಮುಳ್ಳು ಒಳಗಿನ ಖಾಲಿ ಸುತ್ತಿಗೆ ಜಾರಿ ಟಿಕ್ ಟಿಕ್ ಎನ್ನತೊಡಗಿತು. ಹತ್ತು ಜನ ಅದನ್ನೇ ಕೇಳುತ್ತಾ ಕೂತಿದ್ದರು. ಅವನು ಬಗ್ಗಿ ರೆಕಾರ್ಡನ್ನು ನೋಡಿದ, ತಿರುಗಿಸಿ ಮೊದಲ ಬದಿಯ ಕೊನೆಯನ್ನೂ ಹಾಕಿದ. ಅಲ್ಲೂ ಟಿಕ್ ಟಿಕ್. ಆಮೇಲೆ ನನ್ನ ಕಡೆ ನೋಡಿದ. ಆ ಮುಖವನ್ನು ನಾನು ಮರೆತಿಲ್ಲ, ಮರೆಯಬೇಕೆಂದು ಪ್ರಯತ್ನಿಸಿಯೂ ಇಲ್ಲ.

"ಬೇಕಂತ್ಲೇ ಹೇಳಿದ್ಯಾ?"

"ಹೌದು. ನೀವು ಕೇಳ್ದೆ ಬರೀತೀರೋ ಇಲ್ವೋ ನೋಡೋಣ ಅಂತ."

ನೋಟ್‌ಬುಕ್ಕನ್ನು ಮೇಷ್ಟ್ರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿದರು. ಅಂಕಣವನ್ನು ಪ್ರತಿವಾರ ಓದುತ್ತಿದ್ದವರು ಅವರು. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ತಲೆಯಾಡಿಸತೊಡಗಿದರು. ಯಾರೂ ನಗಲಿಲ್ಲ. ಒಬ್ಬೊಬ್ಬರೇ ಏನೋ ಕೆಲಸ ನೆನಪಾದವರಂತೆ ಎದ್ದು ಚಪ್ಪಲಿ ಮೆಟ್ಟಿದರು.

ಗೇಟಿನವರೆಗೆ ಈ ಸಲ ಬಂದವಳು ಗೆಳತಿ. ಅಳುತ್ತಿದ್ದಳು. ಅಂಕಣವನ್ನು ಟೈಪ್ ಮಾಡುತ್ತಿದ್ದವಳು ತಾನೇ, ಎಲ್ಲ ತನಗೆ ಗೊತ್ತಿತ್ತು ಎಂದಳು. "ನೀನು ಹೇಗೂ ಇಂಗ್ಲಿಷಲ್ಲಿ ಬರೀತಿರ್ಲಿಲ್ಲ. ಅವನು ಬರೆದ್ರೆ ನಿಂಗೇನು ಹೋಯ್ತು?" ಎಂದು ಕೇಳಿದಳು. ಅವಳ ಅಣ್ಣನಿಗೆ ಆದದ್ದರಿಂದ ನನಗೆ ಸ್ವಲ್ಪವೂ ದುಃಖವಾಗಲಿಲ್ಲ. ಅವಳನ್ನು ಕಳೆದುಕೊಂಡದ್ದರಿಂದ ಆಯಿತು. ಉಳಿದ ವರ್ಷವೆಲ್ಲ ತರಗತಿಯಲ್ಲಿ ಬೇರೆ ಬೇರೆ ಬೆಂಚಿನಲ್ಲಿ ಕೂತೆವು.

ಮೇಷ್ಟ್ರು ಪತ್ರಿಕೆಗೆ ಬರೆದ ಕಾಗದ ಎರಡು ವಾರದ ಮೇಲೆ ಅಚ್ಚಾಯಿತು. ಅಂಕಣ ನಿಂತಿತು. ಅವನು ಪರೀಕ್ಷೆ ಪಾಸಾಗಿ ಹುಬ್ಬಳ್ಳಿಯ ಶಾಖೆಯೊಂದಕ್ಕೆ ಹೊರಟುಹೋದ. ನನ್ನ ನೋಟ್‌ಬುಕ್ಕನ್ನು ಮೇಷ್ಟ್ರು ತಮ್ಮ ಪರಿಚಯದ ಒಂದು ಕನ್ನಡ ವಾರಪತ್ರಿಕೆಯ ಸಂಪಾದಕರಿಗೆ ತೋರಿಸಿದರು. ಇಂಗ್ಲಿಷ್ ಹಾಡಿನ ಬಗ್ಗೆ ಕನ್ನಡದಲ್ಲಿ ಯಾರು ಓದುತ್ತಾರೆ ಎಂದು ಅವರಿಗೆ ಅನುಮಾನ. ಆದರೂ ಹದಿನೈದು ದಿನಕ್ಕೊಮ್ಮೆ ಅರ್ಧ ಪುಟ ಕೊಟ್ಟರು. ಕೇಳಿ ಬರೆಯಲು ರೆಕಾರ್ಡುಗಳು ಮೇಷ್ಟ್ರ ಮನೆಯವು.

ಅಂಕಣ ಕೈಗೆ ಬಂದ ಮೇಲೆ ನಾನು ಮಾಡಿದ್ದನ್ನು ಮರೆಮಾಚುವುದಿಲ್ಲ. ಅವನು ಹೊಗಳಿದ ಆಲ್ಬಮ್ಮುಗಳನ್ನು ಒಂದೊಂದಾಗಿ ಆರಿಸಿ ತೆಗೆದುಕೊಂಡೆ. ಹಲವು ನಿಜಕ್ಕೂ ಟೊಳ್ಳಾಗಿದ್ದವು. ಗದ್ದಲವನ್ನೇ ಕ್ರಾಂತಿ ಎಂದುಕೊಂಡವು, ಹೊಟ್ಟೆ ತುಂಬಿದವರು ಹಸಿವಿನ ಬಗ್ಗೆ ಹಾಡಿದವು. ಅವುಗಳ ಬಗ್ಗೆ ಬರೆದದ್ದನ್ನು ಇವತ್ತಿಗೂ ಬದಲಿಸುವುದಿಲ್ಲ. ಒಂದು ಆಲ್ಬಮ್ ಮಾತ್ರ ಬೇರೆ. ಹೆಂಗಸೊಬ್ಬಳು ಪಿಯಾನೋ ನುಡಿಸುತ್ತಾ ಹಾಡಿದ್ದು. ಭಾನುವಾರ ಉಳಿದವರು ಬರುವ ಮುಂಚೆ ಅವನು ಅದನ್ನು ಒಬ್ಬನೇ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿರುತ್ತಿದ್ದ, ಯಾರಾದರೂ ಬಂದರೆ ತಟ್ಟನೆ ತೆಗೆದುಬಿಡುತ್ತಿದ್ದ. ಅದರ ಬಗ್ಗೆ ನನ್ನ ಅಭಿಪ್ರಾಯವನ್ನು ಅವನು ಯಾವತ್ತೂ ಕೇಳಿರಲಿಲ್ಲ. ಅದಕ್ಕೇ ಅದನ್ನು ಎತ್ತಿಕೊಂಡೆ. ಕಿಟಕಿ ತೆಗೆಯದ ಕೋಣೆಯ ವಾಸನೆ ಬರುವ ಅಳುಮುಂಜಿ ಹಾಡುಗಳು ಎಂದು ಬರೆದೆ. ಆ ಪುಟವನ್ನು ಕತ್ತರಿಸಿ ಲಕೋಟೆಗೆ ಹಾಕಿ, ಅವನ ಬ್ಯಾಂಕಿನ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. ಬರದಿದ್ದರಿಂದ ಸಂತೋಷವಾಯಿತು.

ಕೆಲವು ವರ್ಷಗಳ ಮೇಲೆ, ಮದುವೆಯಾಗಿ ಜೆ.ಪಿ. ನಗರಕ್ಕೆ ಬಂದು, ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ, ಯಾರೋ ಆ ಪಿಯಾನೋ ಆಲ್ಬಮ್ಮಿನ ಕ್ಯಾಸೆಟ್ ಕೊಟ್ಟರು. ಒಂದು ಮಧ್ಯಾಹ್ನ ಒಗೆದ ಬಟ್ಟೆ ಮಡಿಸುತ್ತಾ ಹಾಕಿದೆ. ಎರಡನೆಯ ಬದಿಗೆ ಬಂದಾಗ ಕೈ ನಿಂತಿತು. ಒಂದು ಹಾಡಿನಲ್ಲಿ ಮೇಲಿನ ಸ್ವರಕ್ಕೆ ಹೋಗುವಾಗ ಅವಳ ದನಿ ಒಡೆಯುತ್ತದೆ. ಅವಳು ಅದನ್ನು ಮುಚ್ಚಿಡದೆ, ಒಡೆದ ದನಿಯಲ್ಲೇ ಸಾಲು ಮುಗಿಸುತ್ತಾಳೆ. ಈ ಹಾಡು ನನಗೆ ನೆನಪೇ ಇರಲಿಲ್ಲ. ಆಮೇಲೆ ಯಾಕೆಂದು ಹೊಳೆಯಿತು. ಅಂದು ಮೇಷ್ಟ್ರ ಮನೆಯಲ್ಲಿ ಮೊದಲ ಬದಿಯನ್ನು ಅರ್ಧ ಕಿವಿಯಲ್ಲಿ ಕೇಳಿ, ತೀರ್ಪು ಮೊದಲೇ ಸಿದ್ಧವಾಗಿದ್ದರಿಂದ ಎದ್ದು ಬಂದಿದ್ದೆ. ಎರಡನೆಯ ಬದಿಯನ್ನು ನಾನು ಕೇಳಿರಲೇ ಇಲ್ಲ. ಅವನು ಮಾಡಿದ್ದನ್ನೇ ನಾನೂ ಮಾಡಿದ್ದೆ.

ಎರಡು ದಿನ ಒದ್ದಾಡಿ, ಅದನ್ನೇ ಅಂಕಣದಲ್ಲಿ ಬರೆದೆ. ಕೇಳದೆ ಬರೆದಿದ್ದೆ, ಆಲ್ಬಮ್ ದೊಡ್ಡದು, ತಪ್ಪು ನನ್ನದು ಎಂದೆ. ಅವನ ವಿಷಯ ಒಂದಕ್ಷರವೂ ಬರೆಯಲಿಲ್ಲ.

ಇದಾಗಿ ನಾಲ್ಕೈದು ತಿಂಗಳಿಗೆ ಬನಶಂಕರಿ ಬಸ್ ಸ್ಟಾಪಿನಲ್ಲಿ ಆ ಹಳೆಯ ಗೆಳತಿ ಸಿಕ್ಕಳು. ಕತ್ರಿಗುಪ್ಪೆಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ ಎಂದಳು, ಮಕ್ಕಳ ವಿಷಯ ಹೇಳಿದಳು. ನಾನು ಕೇಳದಿದ್ದರೂ ಅಣ್ಣನ ಮಾತು ತೆಗೆದಳು, ಈಗಲೂ ಹುಬ್ಬಳ್ಳಿಯಲ್ಲೇ ಇದ್ದಾನೆ ಎಂದಳು.

"ನೀನು ತಪ್ಪಾಯ್ತು ಅಂತ ಬರ್ದಿದ್ಯಲ್ಲ, ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಾನೆ. ಬಂದೋರಿಗೆಲ್ಲ ತೋರಿಸ್ತಾನೆ."

"ಬಂದೋರಿಗೆ ಏನಂತ ಹೇಳ್ತಾನೆ?"

"ಇವಳೂ ಕೇಳ್ದೇನೇ ಬರೀತಾಳೆ ಅಂತ."

ಇಷ್ಟು ವರ್ಷವಾದರೂ ಅದೇ ಸಿಟ್ಟು. ತಿದ್ದುಪಡಿ ಬರೆದದ್ದು ಸರಿಯೆಂದು ನನಗೆ ಗೊತ್ತಿತ್ತು, ಆ ಹಾಡುಗಾರ್ತಿಗೆ ನಾನು ಅಷ್ಟಾದರೂ ಮಾಡಲೇಬೇಕಿತ್ತು. ಆದರೆ ಅವನ ಗೋಡೆಯ ಮೇಲೆ ಅದು ತೂಗುತ್ತಿದೆ ಎಂಬುದನ್ನು ಸಹಿಸಲಾಗಲಿಲ್ಲ. ಅವಳ ಬಸ್ಸು ಬಂತು. ಮನೆಗೆ ಬಾ ಎಂದಳು, ಬರ್ತೀನಿ ಎಂದೆ. ವಿಳಾಸ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮನೆಗೆ ಬಂದು ಅವನು ಅಂಕಣದಲ್ಲಿ ಹೊಗಳಿದ್ದ ಇನ್ನೊಂದು ರಾಕ್ ಆಲ್ಬಮ್ಮನ್ನು ತೆಗೆದೆ. ಎರಡೂ ಬದಿಯನ್ನು ಎರಡೆರಡು ಸಲ, ಕೊನೆಯ ಸುತ್ತಿನವರೆಗೆ ಕೇಳಿದೆ. ಕೆಟ್ಟದಾಗಿತ್ತು. ಎಷ್ಟು ಕೆಟ್ಟದೋ ಅಷ್ಟನ್ನೇ, ಒಂದು ಪದವೂ ಹೆಚ್ಚಾಗದಂತೆ ನೋಡಿಕೊಂಡು ಬರೆದೆ. ಅಚ್ಚಾದ ಮೇಲೆ ಆ ಪುಟವನ್ನೂ ಕತ್ತರಿಸಿ ಹುಬ್ಬಳ್ಳಿಗೆ ಕಳಿಸಿದೆ.