ಉರ್ಸುಲಾ ಕಟ್ಟಿದ ಬಜ್ಪೆ

ಮಸ್ಕತ್ತಿನ ರೂವಿಯ ಗಲ್ಲಿಯೊಂದರಲ್ಲಿದ್ದ ಇಬ್ರಾಹಿಂ ಬ್ಯಾರಿಯ ಕಂಪ್ಯೂಟರ್ ಅಂಗಡಿಗೆ ಬರುವ ಹೆಂಗಸರು ಸಾಮಾನ್ಯವಾಗಿ ಪ್ರಿಂಟರಿನ ರಿಬ್ಬನ್ ಕೇಳುತ್ತಿದ್ದರು, ಇಲ್ಲವೇ ಮಕ್ಕಳಿಗೆ ಫ್ಲಾಪಿ. 1997ರ ಏಪ್ರಿಲಿನ ಒಂದು ಗುರುವಾರ ಮಧ್ಯಾಹ್ನ ಉರ್ಸುಲಾ ಸಲ್ದಾನ್ಹಾ ಬಂದು, ಕೈಚೀಲವನ್ನು ಕೌಂಟರಿನ ಮೇಲೆ ಎರಡೂ ಕೈಗಳಿಂದ ಒತ್ತಿ ಹಿಡಿದು, "ವಿಮಾನ ಹಾರಿಸುವ ಪ್ರೋಗ್ರಾಂ ಉಂಟಲ್ಲ, ಅದು ಓಡುವಂಥ ಕಂಪ್ಯೂಟರ್ ಬೇಕು. ಆಟಕ್ಕಲ್ಲ" ಎಂದಳು.

ಇಬ್ರಾಹಿಂ ಬಂಟ್ವಾಳದವನು. ಎದುರಿಗಿದ್ದವಳ ಮಾತು ಕೇಳಿಯೇ ಮಂಗಳೂರಿನ ಕುಲಶೇಖರದ ಕಡೆಯವಳೆಂದು ಗುರುತು ಹಿಡಿದ. "ಆಟಕ್ಕಲ್ಲದಿದ್ರೆ ಮತ್ತೆಂತಕ್ಕೆ ಬಾಯಿ?" ಎಂದು ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆಯೇ ಕರೆದು ಕೇಳಿದ.

"ಜುಲೈಯಲ್ಲಿ ನನಗೆ ಊರಿಗೆ ಹೋಗ್ಲಿಕ್ಕುಂಟು. ವಿಮಾನ ಅಂದ್ರೆ ನನಗೆ ಜೀವ ಹೋಗ್ತದೆ."

ಅವನು ನಗಲಿಲ್ಲ. ಅವಳಿಗೆ ಸ್ಟೂಲು ಎಳೆದುಕೊಟ್ಟು ಚಹಾ ತರಿಸಿದ. ಆವತ್ತು ಆ ಅಂಗಡಿಯಲ್ಲಿ ಕೂತು ಅವಳು ಹೇಳಿದ್ದನ್ನು ಅಷ್ಟು ವಿವರವಾಗಿ ತನ್ನ ಗಂಡ ವಾಲ್ಟರನಿಗೂ ಹೇಳಿರಲಿಲ್ಲ.

ಉರ್ಸುಲಾಳಿಗೆ ಆಗ ನಲವತ್ನಾಲ್ಕು. ರುಸೈಲ್‌ನ ಕಾರ್ಖಾನೆಯೊಂದರ ಆಫೀಸಿನಲ್ಲಿ ಹನ್ನೆರಡು ವರ್ಷಗಳಿಂದ ಸೆಕ್ರೆಟರಿ. ಅವಳು ಟೈಪು ಮಾಡಿದ ಕಾಗದದಲ್ಲಿ ತಪ್ಪು ಹುಡುಕುವುದನ್ನು ಮ್ಯಾನೇಜರ್ ಎಂದೋ ಬಿಟ್ಟುಬಿಟ್ಟಿದ್ದ. ವಾಲ್ಟರ್ ಏಸಿ ರಿಪೇರಿ ಕಂಪನಿಯಲ್ಲಿದ್ದ. ವೀಸಾ ಕೊಡಿಸಿದ ಧಣಿ, ಅಂದರೆ ಕಫೀಲ್, ಇಬ್ಬರಿಗೂ ಬೇರೆ ಬೇರೆ; ವೀಸಾವೂ ಬೇರೆ ಬೇರೆ. ಮಕ್ಕಳಿರಲಿಲ್ಲ. ಹಮ್ರಿಯಾದ ಎರಡು ಕೋಣೆಗಳಲ್ಲಿ ಇಬ್ಬರೇ ಇದ್ದರು.

ಭಯ ಹತ್ತಿದ್ದು 1989ರ ಜುಲೈಯಲ್ಲಿ. ರಜೆಗೆಂದು ಹೊರಟವರು ಮುಂಬಯಿಯಲ್ಲಿ ವಿಮಾನ ಬದಲಾಯಿಸಿ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಬರುತ್ತಿದ್ದರು. ಕಿಟಕಿಯ ಹೊರಗೆ ಬರೀ ಬಿಳಿ ಮೋಡ. ಇನ್ನೇನು ಚಕ್ರ ನೆಲಕ್ಕೆ ತಾಗುತ್ತದೆ ಎನ್ನುವಾಗ ಮೋಡ ಒಂದು ಕ್ಷಣ ಹರಿದು, ರೆಕ್ಕೆಯ ಕೆಳಗೇ ಕೆಂಪು ಗುಡ್ಡದ ಕಡಿದಾದ ಅಂಚು, ಅದರಾಚೆ ತೆಂಗಿನ ಮರಗಳ ತಲೆ ಕಂಡವು. ಮರುಕ್ಷಣ ಎಂಜಿನ್ ಭೋರೆಂದು ಕಿರುಚಿತು. ವಿಮಾನ ಮೂಗೆತ್ತಿ ಮೇಲಕ್ಕೆ ನುಗ್ಗಿತು. ಯಾರೋ ಹಿಂದಿನಿಂದ ಜೋರಾಗಿ ಅಳತೊಡಗಿದರು. ಹತ್ತು ನಿಮಿಷದ ನಂತರ ಮತ್ತೊಮ್ಮೆ ಹಾಗೆಯೇ ಆಯಿತು. ಕೊನೆಗೆ ವಿಮಾನ ಮುಂಬಯಿಗೇ ಮರಳಿತು. ಏನಾಯಿತೆಂದು ಒಬ್ಬರೂ ಹೇಳಲಿಲ್ಲ. ಊರಿಗೆ ಬಸ್ಸಿನಲ್ಲಿ ಹೋದರು. ಮಸ್ಕತ್ತಿಗೆ ಮರಳುವ ವಿಮಾನದಲ್ಲಿ ಉರ್ಸುಲಾ ನಿದ್ದೆ ಗುಳಿಗೆ ನುಂಗಿ ಕೂತಳು. ಮತ್ತೆ ವಿಮಾನ ಹತ್ತಲಿಲ್ಲ.

ಎರಡು ವರ್ಷಕ್ಕೊಮ್ಮೆ ವಾಲ್ಟರ್ ಒಬ್ಬನೇ ಊರಿಗೆ ಹೋಗಿ ಬರುತ್ತಿದ್ದ. 1993ರಲ್ಲಿ ಅವಳ ತಾಯಿ ತೀರಿಕೊಂಡಾಗ ಸೀಬ್ ವಿಮಾನ ನಿಲ್ದಾಣದವರೆಗೂ ಹೋದಳು. ಪಾಸ್‌ಪೋರ್ಟಿಗೆ ಮುದ್ರೆಯೂ ಬಿತ್ತು. ಗಾಜಿನಾಚೆ ನಿಂತಿದ್ದ ವಿಮಾನ ಕಂಡದ್ದೇ ಕಾಲು ಏಳಲಿಲ್ಲ. ಅಧಿಕಾರಿಯೊಬ್ಬ ಕುರ್ಚಿ ತಂದು ಕೂರಿಸಿ, ನೀರು ಕೊಟ್ಟು, ಮುದ್ರೆ ರದ್ದು ಮಾಡಿ ಹೊರಗೆ ಬಿಟ್ಟ. ತಾಯಿಯ ಮಣ್ಣಿಗೆ ಮಗಳು ಹೋಗಲಿಲ್ಲ. ತಂಗಿ ಆಲಿಸ್ ಆಮೇಲೆ ಒಂದು ವರ್ಷ ಕಾಗದ ಬರೆಯಲಿಲ್ಲ.

ಈಗ ಕಂಪನಿ ಅವಳ ಹುದ್ದೆಯನ್ನು ಸರಕಾರದ ನಿಯಮದಂತೆ ಒಮಾನಿಗಳಿಗೇ ಕೊಡಬೇಕಾಗಿ ಬಂದಿತ್ತು. ಮ್ಯಾನೇಜರ್ ಬಹಳ ಮರ್ಯಾದೆಯಿಂದಲೇ ಹೇಳಿದ. ಜುಲೈ ಮೂವತ್ತೊಂದಕ್ಕೆ ವೀಸಾ ಖಲಾಸ್. ವಾಲ್ಟರನ ಸಂಬಳಕ್ಕೆ ಕುಟುಂಬದ ವೀಸಾ ಸಿಗುವಂತಿರಲಿಲ್ಲ. ಉರ್ಸುಲಾ ಮತ್ರಾ ಬಂದರಿಗೆ ಹೋಗಿ ಹಡಗಿನ ಆಫೀಸಿನಲ್ಲಿ ವಿಚಾರಿಸಿದಳು. ಪ್ರಯಾಣಿಕರ ಹಡಗು ನಿಂತು ಎಷ್ಟೋ ಕಾಲವಾಯಿತು ಎಂದರು. ಸರಕಿನ ಹಡಗಿನಲ್ಲಾದರೂ ಎಂದು ಕೇಳಿದ್ದಕ್ಕೆ ಗುಮಾಸ್ತ ಅವಳ ಮುಖವನ್ನೇ ನೋಡಿದ.

ಕಂಪ್ಯೂಟರಿನ ದಾರಿ ತೋರಿಸಿದವನು ಚರ್ಚಿನಲ್ಲಿ ಪರಿಚಯವಾಗಿದ್ದ ಮ್ಯಾಥ್ಯೂ. ಅವನಿಗೆ ಸೀಬ್‌ನಲ್ಲಿ ಪೈಲಟ್‌ಗಳಿಗೆ ಬೇಕಾದ ನಕ್ಷೆ, ಹವಾಮಾನದ ಕಾಗದಗಳನ್ನು ಜೋಡಿಸಿಕೊಡುವ ಕೆಲಸ. ವಾರದ ರಜೆಯಾದ ಶುಕ್ರವಾರದ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬರುವಾಗ ಅವಳ ಸಂಕಟ ಕೇಳಿ, "ಪೈಲಟ್‌ಗಳೂ ಮೊದಲು ನೆಲದಲ್ಲೇ ಕಲಿಯುದು ಉರ್ಸುಲಾ. ನಮ್ಮ ಕ್ಯಾಪ್ಟನ್ ಒಬ್ಬರು ಮನೆಯ ಕಂಪ್ಯೂಟರಲ್ಲೇ ಅಭ್ಯಾಸ ಮಾಡ್ತಾರೆ. ಏನಾಗ್ತದೆ ಅಂತ ಗೊತ್ತಾದ್ರೆ ಅರ್ಧ ಹೆದರಿಕೆ ಹೋಗಬಹುದು" ಎಂದಿದ್ದ.

ಇಷ್ಟನ್ನೂ ಕೇಳಿದ ಇಬ್ರಾಹಿಂ ಪೆಟ್ಟಿಗೆಗಳನ್ನು ಇಳಿಸಿದ. "ಇಲ್ಲಿ ನೋಡಿ ಬಾಯಿ. ಈ ಗ್ರಾಫಿಕ್ಸ್ ಕಾರ್ಡ್ ಈಗ ಎಲ್ಲರೂ ಕೇಳ್ತಾರೆ. ನಾನು ನಿಮಗೂ ಮಾರಬಹುದು. ಆದ್ರೆ ನಿಮ್ಮ ಪ್ರೋಗ್ರಾಂ ಅದನ್ನು ಮುಟ್ಟಿಯೂ ನೋಡುದಿಲ್ಲ. ಪ್ರೊಸೆಸರ್ ಒಳ್ಳೆಯದಿರಲಿ. ಮೆಮೊರಿ ಹದಿನಾರು ಸಾಕೋ, ಮೂವತ್ತೆರಡು ಬೇಕೋ, ಅದನ್ನು ಓಡಿಸಿ ನೋಡಿ ಹೇಳುವ. ಸೌಂಡ್ ಕಾರ್ಡ್ ಬೇಕೇ ಬೇಕು, ಜಾಯ್‌ಸ್ಟಿಕ್ ಸಿಕ್ಕಿಸುವುದು ಅದಕ್ಕೇ."

"ಶಬ್ದ ಇಲ್ಲದೆ ಆಗುದಿಲ್ವಾ?"

"ಆಗ್ತದೆ. ಆದ್ರೆ ನೀವು ಹೆದರುದು ಶಬ್ದಕ್ಕಲ್ವಾ?"

ಅವಳು ಸೌಂಡ್ ಕಾರ್ಡನ್ನೂ ಎರಡು ಸ್ಪೀಕರನ್ನೂ ತೆಗೆದುಕೊಂಡಳು.

ಮೊದಲ ದಿನ ಎಂಜಿನ್ ಶುರುವಾದ ಸದ್ದಿಗೇ ಅಂಗೈ ಬೆವರಿ ಜಾಯ್‌ಸ್ಟಿಕ್ ಜಾರಿತು. ವಿಮಾನ ನೆಲ ಬಿಟ್ಟ ಕೂಡಲೇ ಎಡಕ್ಕೆ ವಾಲಿ ಬಿದ್ದು, ಪರದೆಯಲ್ಲಿ ಗಾಜು ಒಡೆದಂತೆ ಗೆರೆಗಳು ಮೂಡಿದವು. ಉರ್ಸುಲಾ ಬಚ್ಚಲಿಗೆ ಓಡಿ ವಾಂತಿ ಮಾಡಿದಳು. ಎರಡನೆಯ ದಿನವೂ ಎಡಕ್ಕೆ, ಮೂರನೆಯ ದಿನವೂ ಎಡಕ್ಕೆ. ತನ್ನ ಕೈಯಲ್ಲೇ ಸಾವು ಕೂತಿದೆ ಎಂದು ಅವಳಿಗೆ ಖಾತ್ರಿಯಾಯಿತು. "ಸಾಕು ಮಾರಾಯ್ತಿ, ಇದನ್ನು ವಾಪಸು ಕೊಟ್ಟುಬಿಡು" ಎಂದ ವಾಲ್ಟರ್. ಇಬ್ರಾಹಿಂ ಬಂದು ನೋಡಿದಾಗ ತಪ್ಪು ಇದ್ದದ್ದು ಜಾಯ್‌ಸ್ಟಿಕ್ಕಿನಲ್ಲಿ. ಅಗ್ಗದ ಮಾಲು, ಮುಟ್ಟದಿದ್ದರೂ ತಾನಾಗಿ ಎಡಕ್ಕೆ ಎಳೆಯುತ್ತಿತ್ತು. ಅದನ್ನು ತೆಗೆದು, ಮೇಜಿನ ಅಂಚಿಗೆ ಬಿಗಿಯುವ, ಕಾರಿನ ಸ್ಟಿಯರಿಂಗಿನಂಥ ಹಿಡಿಯೊಂದನ್ನು ಕೂರಿಸಿದ. ಎರಡು ಕೈಯಲ್ಲಿ ಹಿಡಿಯಬಹುದಾದ್ದರಿಂದ ವಿಮಾನ ಸ್ವಲ್ಪ ನೆಟ್ಟಗೆ ಹಾರತೊಡಗಿತು. ಕಾಲಲ್ಲಿ ತುಳಿಯುವ ಪೆಡಲನ್ನು ಅವನೇ ಬೇಡವೆಂದ. "ಒಂದೊಂದೇ ಕಲಿಯಿರಿ. ಕೈಯೂ ಕಾಲೂ ಒಟ್ಟಿಗೆ ಆದ್ರೆ ತಲೆ ಕೆಡ್ತದೆ."

ಮೇ ತಿಂಗಳ ಹೊತ್ತಿಗೆ ಅವಳು ಹೇಗೋ ಹಾರಿಸಿ, ಹೇಗೋ ಇಳಿಸುವಷ್ಟಾದಳು. ಆದರೆ ಪ್ರೋಗ್ರಾಮಿನಲ್ಲಿ ಬಜ್ಪೆಯೇ ಇರಲಿಲ್ಲ. ಮಂಗಳೂರು ಇರಬೇಕಾದಲ್ಲಿ ಬರೀ ಚಪ್ಪಟೆ ಹಸಿರು. ದೇಶ ದೇಶಗಳ ವಿಮಾನ ನಿಲ್ದಾಣಗಳನ್ನು ಸೇರಿಸುವ ಸೀಡಿಗಳು ದುಬೈಯಲ್ಲಿ ಸಿಗುತ್ತಿದ್ದವು. ಇಬ್ರಾಹಿಂ ಅವುಗಳ ಪಟ್ಟಿ ತರಿಸಿದ. ಯುರೋಪಿನ ಊರುಗಳಿದ್ದವು, ಅಮೆರಿಕದವಿದ್ದವು. ಬಜ್ಪೆಯನ್ನು ಯಾರೂ ಮಾಡಿರಲಿಲ್ಲ. ಪಟ್ಟಿಯ ಕೊನೆಯಲ್ಲಿ ಬೇರೆಯದೇ ಒಂದು ಸೀಡಿ ಇತ್ತು: ಅಳತೆ ಗೊತ್ತಿದ್ದರೆ ನಿಲ್ದಾಣವನ್ನು ನೀವೇ ಕಟ್ಟಿಕೊಳ್ಳುವ ಸಾಫ್ಟ್‌ವೇರ್.

"ಇದಾದ್ರೆ ಬರೀ ಟೈಪಿಂಗ್ ಕೆಲಸ ಬಾಯಿ. ನಂಬರು ಹಾಕಿದ್ರೆ ಆಯ್ತು" ಎಂದ ಇಬ್ರಾಹಿಂ.

ಮ್ಯಾಥ್ಯೂ ಹಳೆಯ ನಕ್ಷೆಯೊಂದರ ಪ್ರತಿ ತಂದುಕೊಟ್ಟ. ಉರ್ಸುಲಾ ಸಂಜೆ ಕೆಲಸದಿಂದ ಬಂದು, ಅದನ್ನು ಮುಂದಿಟ್ಟುಕೊಂಡು ಒಂದೊಂದೇ ಅಂಕಿ ಹಾಕತೊಡಗಿದಳು. ಅಕ್ಷಾಂಶ, ರೇಖಾಂಶ. ಸಮುದ್ರದಿಂದ ಎತ್ತರ ಮುನ್ನೂರು ಅಡಿ ಮೇಲೆ. ರನ್‌ವೇಯ ಉದ್ದ ಸಾವಿರದ ಆರುನೂರು ಚಿಲ್ಲರೆ ಮೀಟರ್. ಅದನ್ನು ಟೈಪು ಮಾಡುವಾಗ ಬೆರಳು ನಿಂತಿತು. ಸೀಬ್‌ನದು ಇದರ ಎರಡರಷ್ಟಕ್ಕಿಂತಲೂ ಉದ್ದವೆಂದು ಅವಳಿಗೆ ಈಗ ಗೊತ್ತಿತ್ತು. ಮುಂದೆ ಗುಡ್ಡದ ಇಳಿಜಾರು ಹಾಕಬೇಕು. ಎರಡೂ ತುದಿಗಳಲ್ಲಿ ನೆಲ ಎಲ್ಲಿ ಮುಗಿಯುತ್ತದೆ ಎಂದು ಅವಳೇ ಬರೆಯಬೇಕು. ನಾಲ್ಕು ಸಂಜೆ ಆ ಒಂದು ಸಾಲು ಖಾಲಿಯೇ ಉಳಿಯಿತು. ಐದನೆಯ ಸಂಜೆ ವಾಲ್ಟರನ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅಂಕಿ ಒತ್ತಿದಳು.

ಆ ವಾರವೇ ಅತಿ ಕೆಟ್ಟದ್ದು ನಡೆಯಿತು. ಗುಡ್ಡ, ಕಟ್ಟಡ, ಸುತ್ತಲೂ ಮರಗಳು ಎಲ್ಲ ಕೂರಿಸಿ, ತಾನು ಕಟ್ಟಿದ ಬಜ್ಪೆಗೆ ಮೊದಲ ಬಾರಿ ಇಳಿಯುತ್ತಿದ್ದಳು. ಕೆಂಪು ಅಂಚು ಹತ್ತಿರ ಬಂತು. ಅಲ್ಲಿಗೆ ಪರದೆ ಸ್ತಬ್ಧವಾಯಿತು. ವಿಮಾನ ಅಂಚಿನ ಮುಂದೆ ಗಾಳಿಯಲ್ಲಿ ಹಾಗೆಯೇ ನೇತಾಡಿತು. ಎಂಜಿನ್ನಿನ ಸದ್ದಿನ ಒಂದು ಚೂರು ಸ್ಪೀಕರಿನಲ್ಲಿ ಮತ್ತೆ ಮತ್ತೆ ಅದೇ ಅದೇ ಬಡಿಯುತ್ತಿತ್ತು. ಹಿಡಿಯನ್ನು ಎಳೆದರೂ ಇಲ್ಲ, ಒತ್ತಿದರೂ ಇಲ್ಲ. ಉರ್ಸುಲಾ ಚಪ್ಪಲಿಯಿಲ್ಲದೆ ಬಾಗಿಲು ತೆರೆದು ಓಡಿ, ಕಾದ ಕಬ್ಬಿಣದಂತಿದ್ದ ಮೆಟ್ಟಿಲ ಮೇಲೆ ಕೂತುಬಿಟ್ಟಳು. ವಾಲ್ಟರ್ ಕೆಲಸದಿಂದ ಬಂದಾಗಲೂ ಅವಳು ಅಲ್ಲಿಯೇ ಇದ್ದಳು. ಒಳಗೆ ಆ ಸದ್ದು ಇನ್ನೂ ಬಡಿಯುತ್ತಿತ್ತು.

ಇಬ್ರಾಹಿಂ ಮರುದಿನ ಬಂದು ಕಂಪ್ಯೂಟರ್ ಬಿಚ್ಚಿದ. "ಮೆಮೊರಿ ಸಾಲ್ಲಿಲ್ಲ. ತಪ್ಪು ನನ್ನದೇ, ಆವತ್ತೇ ಮೂವತ್ತೆರಡು ಹಾಕಬೇಕಿತ್ತು" ಎಂದು ಮೆಮೊರಿಯ ಇನ್ನೊಂದು ಪಟ್ಟಿ ಸಿಕ್ಕಿಸಿದ. "ಮತ್ತೆ ಮರಗಳನ್ನು ತೆಗೆಯಿರಿ ಬಾಯಿ. ಅಷ್ಟೊಂದು ಮರ ಹೊರ್ಲಿಕ್ಕೆ ಇದಕ್ಕೆ ಆಗುದಿಲ್ಲ." ಅವಳು ಮರಗಳನ್ನು ಅಳಿಸಿದಳು. ಗುಡ್ಡ ಬೋಳಾಗಿ, ಅಂಚು ಇನ್ನೂ ಚೆನ್ನಾಗಿ ಕಾಣಿಸತೊಡಗಿತು. ಮತ್ತೆ ಆ ಕುರ್ಚಿಯಲ್ಲಿ ಕೂರಲು ಅವಳಿಗೆ ಎಂಟು ದಿನ ಬೇಕಾಯಿತು.

ಜೂನ್ ಕೊನೆಯ ಶುಕ್ರವಾರ ಮ್ಯಾಥ್ಯೂ ಊಟಕ್ಕೆ ಬಂದವನು ಕಂಪ್ಯೂಟರಿನ ಮುಂದೆ ಅವಳ ಪಕ್ಕದಲ್ಲಿ ಕೂತು, ಪ್ರೋಗ್ರಾಮಿನ ಹವೆಯನ್ನು ಮಳೆಗಾಲಕ್ಕೆ ಬದಲಾಯಿಸಿದ. ಪರದೆ ಬೆಳ್ಳಗಾಯಿತು.

"ಎತ್ತರ ನೋಡಿ. ಈಗ ರನ್‌ವೇ ಕಾಣ್ಬೇಕು. ಕಾಣ್ತದಾ?"

"ಇಲ್ಲ."

"ಕಾಣದಿದ್ರೆ ಇಳಿಯುದಿಲ್ಲ. ಪೂರ್ತಿ ಎಂಜಿನ್ ಕೊಡಿ, ಮೂಗೆತ್ತಿ, ಮೇಲೆ ಹೋಗಿ. ಯಲ್ಲಾ, ಬೇಗ!"

ಉರ್ಸುಲಾ ಒತ್ತಿದಳು. ಸ್ಪೀಕರಿನಿಂದ ಭೋರೆಂದು ಸದ್ದು ಹೊರಟಿತು. ಎಂಟು ವರ್ಷ ಕಿವಿಯಲ್ಲೇ ಉಳಿದಿದ್ದ ಅದೇ ಸದ್ದು. ಈ ಸಲ ಅದು ಅವಳ ಕೈಯಿಂದಲೇ ಹೊರಟಿತ್ತು. ಅವಳು ಹಿಡಿ ಬಿಡಲಿಲ್ಲ. ಪರದೆಯಲ್ಲಿ ಎತ್ತರದ ಅಂಕಿ ಏರುತ್ತಾ ಹೋಯಿತು.

"ಆವತ್ತು ಇದೇ ಆದದ್ದಾ?" ಎಂದು ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಇದೇ."

"ಹಾಗಾದ್ರೆ ಆ ಪೈಲಟ್ ಹೆದರಿದ್ದನಾ?"

"ಹೆದರಿದ್ದಕ್ಕೇ ಮೇಲೆ ಎತ್ತಿದ್ದು. ಹೆದರದಿದ್ರೆ ಇಳಿಸ್ಲಿಕ್ಕೆ ನೋಡ್ತಿದ್ದ."

ಉರ್ಸುಲಾ ಮುಖ ಮುಚ್ಚಿಕೊಂಡು ಅತ್ತಳು. ತಾಯಿ ಹೋದಾಗ ಇಷ್ಟು ಮಾತನ್ನು ಹೇಳುವವರೊಬ್ಬರು ಇದ್ದಿದ್ದರೆ ಎಂದುಕೊಂಡು ಅತ್ತಳು. ವಾಲ್ಟರ್ ಏನು ಮಾಡುವುದೆಂದು ತಿಳಿಯದೆ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದ.

ಜುಲೈ ಇಪ್ಪತ್ತೇಳರಂದು ಅವಳು ಹೊರಟಳು. ವಾಲ್ಟರ್ ರಜೆ ಹಾಕಿ ಜೊತೆಗೆ ಬಂದ. ಭಯ ಹೋಗಿತ್ತೆಂದರೆ ಸುಳ್ಳಾಗುತ್ತದೆ. ಸೀಬ್‌ನಲ್ಲಿ ಗಾಜಿನಾಚೆ ವಿಮಾನ ಕಂಡಾಗ ಹಿಂದಿನಂತೆಯೇ ಹೆಜ್ಜೆ ನಿಂತುಹೋಯಿತು. ಅವಳು ಕಣ್ಣನ್ನು ನೆಲಕ್ಕೆ ನೆಟ್ಟು, ವಾಲ್ಟರನ ಬೂಟಿನ ಹಿಮ್ಮಡಿಯನ್ನೇ ನೋಡುತ್ತಾ ನಡೆದಳು. ಮುಂಬಯಿಯವರೆಗೆ ಒಂದು ತೊಟ್ಟು ನೀರೂ ಇಳಿಯಲಿಲ್ಲ.

ಮುಂಬಯಿಯಿಂದ ಮುಂದೆ ಮಳೆ. ಬಜ್ಪೆ ಹತ್ತಿರವಾಗುತ್ತಿದ್ದಂತೆ ಪ್ರತಿಯೊಂದು ಸದ್ದೂ ಅವಳಿಗೆ ಅರ್ಥವಾಗತೊಡಗಿತು. ಇದು ರೆಕ್ಕೆಯ ಹಲಗೆ ಇಳಿದದ್ದು. ಇದು ಚಕ್ರ. ಮೋಡ ಹರಿದು ಗುಡ್ಡದ ಅಂಚು ಕೆಳಗೆ ಹಾದುಹೋಯಿತು. ಚಕ್ರ ಇನ್ನೂ ನೆಲ ಮುಟ್ಟಿರಲಿಲ್ಲ. ಅವಳು ಎಣಿಸಿದಳು, ಒಂದು, ಎರಡು, ಮೂರು, ನಾಲ್ಕು. ರನ್‌ವೇ ಎಷ್ಟು ಉಳಿದಿದೆ ಎಂಬುದು ಆ ವಿಮಾನದ ಪ್ರಯಾಣಿಕರಲ್ಲಿ ಬಹುಶಃ ಅವಳೊಬ್ಬಳಿಗೇ ಗೊತ್ತಿತ್ತು. ಧಡ್ ಎಂದು ನೆಲ ತಾಗಿತು. ಬ್ರೇಕಿನ ರಭಸಕ್ಕೆ ಎಲ್ಲರೂ ಮುಂದಕ್ಕೆ ಬಾಗಿದರು. ನೀರು ಕಿಟಕಿಗೆ ಎರಚಿತು. ವಿಮಾನ ನಿಂತಾಗ ಜನ ಎದ್ದು ಮೇಲಿನ ಚೀಲಗಳಿಗೆ ಕೈಹಾಕುತ್ತಿದ್ದರೆ, ಉರ್ಸುಲಾ ವಾಲ್ಟರನ ತೋಳಿನಿಂದ ಉಗುರು ಬಿಡಿಸಿಕೊಳ್ಳಲಾಗದೆ ಕೂತಿದ್ದಳು.

"ಬಂದಾಯ್ತು" ಎಂದ ವಾಲ್ಟರ್.

"ತಡವಾಗಿ ತಾಗಿಸಿದ" ಎಂದಳು ಅವಳು, ಹಲ್ಲು ಕಟಕಟಿಸುತ್ತಾ.

ಆಲಿಸ್ ಹೊರಗೆ ಕೊಡೆ ಹಿಡಿದು ನಿಂತಿದ್ದಳು. ಅಕ್ಕತಂಗಿಯರು ಮನೆಗೆ ಹೋಗುವ ಮೊದಲು ಕುಲಶೇಖರದ ಇಗರ್ಜಿಯ ಸಿಮಿತ್ರಿಗೆ ಹೋದರು. ಉರ್ಸುಲಾ ಮಳೆಯಲ್ಲೇ ತಾಯಿಯ ಗೋರಿಯ ಮುಂದೆ ಮೊಣಕಾಲೂರಿದಳು. ಏಳುವಾಗ ಆಲಿಸ್ ಅಕ್ಕನ ಕೈ ಹಿಡಿದು ಎಬ್ಬಿಸಿದಳು.

ತಿಂಗಳ ಮೇಲೆ ವಾಲ್ಟರ್ ಒಬ್ಬನೇ ಮಸ್ಕತ್ತಿಗೆ ಮರಳಿದ. ಮೊದಲೆಲ್ಲ ಅವನು ಊರಿಗೆ ಹೊರಟರೆ ಉರ್ಸುಲಾ ಪ್ರಾರ್ಥನೆ ಮಾಡಿ ಸುಮ್ಮನಾಗುತ್ತಿದ್ದಳು. ಏನೂ ಗೊತ್ತಿರದಿದ್ದಾಗ ಅಷ್ಟು ಸಾಕಾಗುತ್ತಿತ್ತು. ಈಗ ಅವನು ರಜೆಗೆ ಊರಿಗೆ ಬರುವ ದಿನವೆಂದರೆ ಬೆಳಿಗ್ಗೆಯೇ ಅಂಗಳಕ್ಕೆ ಬಂದು ಗುಡ್ಡದ ಕಡೆಯ ಮೋಡ ಎಷ್ಟು ಕೆಳಗಿದೆಯೆಂದು ನೋಡುತ್ತಾಳೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ತೆಂಗಿನ ಗರಿಗಳನ್ನು ಗಮನಿಸುತ್ತಾಳೆ. ವಿಮಾನ ಇಳಿಯುವ ಹೊತ್ತಿಗೆ ಒಲೆ ಆರಿಸಿ, ಫೋನಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾಳೆ. ಫೋನು ಬಡಿದು, ಬಜ್ಪೆಯಿಂದ ವಾಲ್ಟರ್ "ಇಳಿದೆ" ಎಂದ ಮೇಲೆಯೇ ಅವಳು ಎದ್ದು ಅನ್ನಕ್ಕೆ ಇಡುವುದು.